ದಿನಾಂಕವಿಲ್ಲದ ಕೆಲಸ

ಆಯಿ ಅದನ್ನು ಕೇಳಿದ್ದು ಬೇಸಿಗೆಯ ಒಂದು ಮುಂಜಾನೆ, ನಾನು ಆಫೀಸಿಗೆ ಹೊರಟು ಚಪ್ಪಲಿ ಹುಡುಕುತ್ತಿದ್ದಾಗ.

"ಮಾಯಾ, ನಿನಗ ಸವಡ ಆದಾಗ ಹಳೀ ಊರಿಗಿ ಒಮ್ಮಿ ಕರಕೊಂಡು ಹೋಗಬೇ. ಗುಡಿ ನೀರಾಗಿಂದ ಮ್ಯಾಲ ಬಂದಿರತೈತಿ. ಕಣ್ಣಾಗ ಇಷ್ಟರ ಬೆಳಕ ಇರೂದ್ರಾಗ ಕಲ್ಲಿಗಿ ಭಂಡಾರ ಹಚ್ಚಿ ಬರತೇನಿ."

"ಆತ್ ತಗೋ ಆಯಿ," ಅಂದೆ.

ಆಯಿ ಅಂದರೆ ನನ್ನಪ್ಪನ ತಾಯಿ, ಲಗಮವ್ವ. ಬೀಳಗಿ ಕಡೆಯ ಅವಳ ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ನಾವು ಜಮಖಂಡಿಗೆ ಬಂದಾಗ ನಾನು ಅವಳ ತೊಡೆಯ ಮೇಲಿನ ಕೂಸು. ಗುಡಿಯ ದೇವರು ಬೀರಪ್ಪನ ಮೂರ್ತಿಯನ್ನು ಹೊಸ ಊರಿಗೆ ಸಾಗಿಸಿದರು. ಗದ್ದುಗೆಯ ಕಲ್ಲು ಮಾತ್ರ ಏಳಲಿಲ್ಲ. ಹಾಗಾಗಿ ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಊರು ಬಿಟ್ಟವರೆಲ್ಲ ಅಲ್ಲಿಗೆ ಹೋಗಿ ಆ ಕಲ್ಲಿಗೆ ಭಂಡಾರದ ಅರಿಸಿನ ಹಚ್ಚಿ ಬರುತ್ತಾರೆ. ಮೇಲಿನ ಕಡೆ ಮಳೆ ಬಿದ್ದು ಹೊಳೆ ತುಂಬಿತೆಂದರೆ ಕಲ್ಲು ಮತ್ತೆ ವರ್ಷದವರೆಗೆ ನೀರೊಳಗೆ. ಆಯಿಯ ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರ ನರ ಒಣಗುತ್ತಿದೆ, ಮುಂದಿನ ಬೇಸಿಗೆಯ ಹೊತ್ತಿಗೆ ಅದೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಅನ್ನುವ ಸಬೂಬು ನನಗಿಲ್ಲ.

ಕೋರ್ಟಿನ ಎದುರು ಭರತೇಶ ವಕೀಲರ ಆಫೀಸಿನಲ್ಲಿ ನಾನು ಟೈಪಿಂಗ್ ಮಾಡುತ್ತೇನೆ. ನನ್ನ ಕೆಲಸಗಳೆಲ್ಲ ಕಂಪ್ಯೂಟರಿನ ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿರುತ್ತವೆ. ಸಾಲಿಗೊಂದು ಕೆಲಸ. ಒಂದು ಪುಟ್ಟ ಪ್ರೋಗ್ರಾಮು ಮುಂಜಾನೆ ಆ ಫೈಲನ್ನು ಓದಿ, ಇವತ್ತು ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸಿ ತೋರಿಸುತ್ತದೆ. ಅದು ಜೋಡಿಸುವ ರೀತಿ ನನಗೆ ಸೇರಲಿಲ್ಲ. ನಮಗೆ ಬೇಕಾದ ಹಾಗೆ ಜೋಡಿಸುವ ನಿಯಮಗಳ ತುಣುಕನ್ನು, ಅಂದರೆ ಫಂಕ್ಷನ್ನನ್ನು, ನಾವೇ ಬರೆದು ಹಾಕಬಹುದು ಎಂದು ತಿಳಿದಾಗ ನನಗೆ ಹುಚ್ಚು ಹಿಡಿದಂತಾಯಿತು.

ಅದು ಆಯಿ ಹೇಳುವ ಕತೆಗಳ ಓಲಗದ ಹಾಗೇ ಇತ್ತು. ಒಂದು ಸಲಕ್ಕೆ ಎರಡೇ ಕೆಲಸ ರಾಜನ ಮುಂದೆ ಬಂದು ನಿಲ್ಲುತ್ತವೆ. ಈ ಎರಡರಲ್ಲಿ ಯಾವುದು ಮೇಲು ಎಂದಷ್ಟೇ ಅವನು ಹೇಳಬೇಕು. ಅವು ಸರಿದು ಇನ್ನೆರಡು ಬರುತ್ತವೆ. ಹೀಗೆ ಇಬ್ಬಿಬ್ಬರ ತಂಟೆ ತೀರುತ್ತ ತೀರುತ್ತ ಇಡೀ ಊರು ಸಾಲು ಹಿಡಿದು ನಿಲ್ಲುತ್ತದೆ. ರಾಜನ ತಲೆಯೊಳಗೆ ಕೂತು ನ್ಯಾಯ ಬರೆಯುವವಳು ನಾನು! ದಿನಾಂಕ ಇರುವ ಕೆಲಸ ಮೇಲೆ, ಇಲ್ಲದ್ದು ಕೆಳಗೆ. ಹತ್ತಿರದ ದಿನಾಂಕ ಮೇಲೆ, ದೂರದ್ದು ಕೆಳಗೆ. ಎಷ್ಟು ಚಂದ ಕೂತಿತ್ತು ಅದು.

ಪಕ್ಕದ ಮೇಜಿನ ಹೀರಾ ಇಣುಕಿದಳು. "ಏನ ಬೇ, ಕೆಲಸ ಮಾಡಾಕತ್ತಿಯೋ, ಕೆಲಸಕ್ಕ ಜಡಿ ಹಾಕಾಕತ್ತಿಯೋ?"

"ಜಡಿ ಹಾಕಿದ್ರ ತಲಿ ಸ್ವಚ್ಛ ಇರತೈತಿ."

"ಹಂಗಾರ ಆ ಮುಧೋಳದವರ ಅರ್ಜಿ ಯಾವಾಗ ಆಗತೈತಿ? ಸಾಹೇಬ್ರು ಕೇಳಾಕತ್ತಾರ."

ನಮ್ಮ ಮನೆಯಲ್ಲಿ ಯಾರೂ ದಿನ ಹೇಳಿ ಕೆಲಸ ಕೇಳುವುದಿಲ್ಲ. ನಾಳೆಯೇ ಬೇಕು ಅನ್ನುವುದು ಆಳಿಗೆ ಹೇಳುವ ಮಾತು. ಹಿರಿಯರು 'ಸವಡ ಆದಾಗ', ಅಂದರೆ ಬಿಡುವಾದಾಗ, ಎಂದು ಒಮ್ಮೆ ಹೇಳಿ ಸುಮ್ಮನಾಗುತ್ತಾರೆ, ಎರಡನೇ ಸಲ ಕೇಳುವುದಿಲ್ಲ. ಎಷ್ಟು ಅವಸರ ಅನ್ನುವುದನ್ನು ಕೇಳಿಸಿಕೊಂಡವರೇ ತಿಳಿದುಕೊಳ್ಳಬೇಕು. ನಾನು 'ಆಯಿ, ಹಳೇ ಊರು' ಎಂದು ಬರೆದು 'ಮನೆ' ಎಂಬ ಗುರುತು ಹಾಕಿದೆ. ದಿನಾಂಕ ಹಾಕಲಿಲ್ಲ. ಅದು ತಳಕ್ಕೆ ಹೋಗಿ ಕೂತಿತು.

ಇಷ್ಟೇ ಆಗಿದ್ದರೆ ಫಂಕ್ಷನ್ನಿನ ತಪ್ಪು ಅನ್ನಬಹುದಿತ್ತು. ದಿನಾಂಕವಿಲ್ಲದ ಕೆಲಸಗಳು ಅಲ್ಲೇ ಕೊಳೆಯುವುದನ್ನು ಕಂಡು ನಾನು ಇನ್ನೊಂದು ನಿಯಮ ಬರೆದೆ: ಹೆಚ್ಚು ದಿನ ಕಾದದ್ದು ಮೇಲಕ್ಕೆ ಏರಲಿ. ಮರುದಿನ ಕಂಪ್ಯೂಟರ್ ತೆರೆದರೆ ಎಲ್ಲದರ ನೆತ್ತಿಯ ಮೇಲೆ 'ಆಯಿ, ಹಳೇ ಊರು'.

ಆಗ ಹೊಳೆ ಇನ್ನೂ ಒಣಗಿಯೇ ಇತ್ತು. ರಜೆ ಕೇಳಿದ್ದರೆ ವಕೀಲರು ಕೊಡುತ್ತಿದ್ದರು. ಆದರೆ ಅಷ್ಟು ದೂರದ ಬಸ್ಸು, ಬಿಸಿಲು, ಕೈಹಿಡಿದು ನಡೆಸಬೇಕಾದ ಆಯಿ. ಭಾನುವಾರ ಬಂದರೆ ಫಂಕ್ಷನ್ನಿಗೆ ಇನ್ನೊಂದು ಒಪ್ಪ ಕೊಡುವ ಆಸೆ. ದಿನವೂ ಮುಂಜಾನೆ ಆ ಸಾಲು ನನ್ನನ್ನು ದುರುಗುಟ್ಟಿ ನೋಡುತ್ತಿತ್ತು. ಕೊನೆಗೆ ಒಂದು ಸಾಲು ಸೇರಿಸಿದೆ: 'ಮನೆ' ಎಂಬ ಗುರುತಿನ ಕೆಲಸಗಳು ಉಳಿದೆಲ್ಲವುಗಳ ಕೆಳಗೆ. ಆಯಿಯ ಕೆಲಸ ಜಾರಿ ಜಾರಿ ಪರದೆಯಿಂದಾಚೆ ಹೋಯಿತು. ನನಗೆ ನಿರಾಳವಾಯಿತು.

ಕೆಲವು ದಿನಗಳ ಮೇಲೆ ಊಟಕ್ಕೆ ಕೂತಾಗ ಆಯಿ ಅಂದಳು, "ಮಹಾರಾಷ್ಟ್ರದಾಗ ಮಳಿ ಹಿಡದೈತಂತ ಬೇ. ಟೀವ್ಯಾಗ ಹೇಳಾಕತ್ತಿದ್ರು."

"ಛಲೋ ಆತಲ್ಲ ಆಯಿ. ಹೊಳಿಗಿ ನೀರ ಬರ್ತಾವ."

ಅವಳು ತಾಟಿನಲ್ಲಿ ಕೈ ಆಡಿಸುತ್ತ "ಹೂಂ, ಬರ್ತಾವ," ಅಂದಳು.

ಹೊಳೆ ಬಂತು ಎಂದು ಆಫೀಸಿನಲ್ಲಿ ಯಾರೋ ಕಕ್ಷಿದಾರರು ಮಾತಾಡಿದ ದಿನ ನನ್ನ ಕೈ ಟೈಪಿಂಗಿನ ನಡುವೆ ನಿಂತಿತು. ಫೈಲನ್ನು ತಳದವರೆಗೂ ಇಳಿಸಿ ನೋಡಿದೆ. ಹೊಳೆ ಬಂದ ಸುದ್ದಿ ಹೇಳದೆ ಮರುದಿನವೇ ಆಯಿಯನ್ನು ಕರೆದುಕೊಂಡು ಬೀಳಗಿ ಬಸ್ಸು ಹತ್ತಿದೆ. ಅವಳು ಸೆರಗಿನಲ್ಲಿ ಭಂಡಾರ ಕಟ್ಟಿಕೊಂಡು, ನಿಂಗ್ಯಾಕ ತ್ರಾಸ ಅನ್ನುತ್ತಲೇ ಖುಷಿಯಾಗಿ ಕೂತಿದ್ದಳು. ಕಿಟಕಿಯ ಪಕ್ಕ ನಾನು ನನ್ನ ಫಂಕ್ಷನ್ನಿನ ಒಂದೊಂದೇ ಸಾಲು ನೆನೆದೆ. ದಿನಾಂಕ, ಗುರುತು ಎಲ್ಲ ನೆಪ. ತಡವಾದರೆ ಯಾರು ಬೈಯುತ್ತಾರೆ ಅನ್ನುವುದರ ಮೇಲೇ ನಾನು ಎಲ್ಲವನ್ನೂ ಜೋಡಿಸಿದ್ದೆ. ಆಯಿ ಬೈಯುವವಳಲ್ಲ.

ಬೀಳಗಿಯಿಂದ ಆಟೋ ಮಾಡಿಕೊಂಡು ದಂಡೆಗೆ ಹೋದೆವು. ಯಮನಪ್ಪ ಎಂಬ ಮೀನು ಹಿಡಿಯುವವ ದೋಣಿಯ ಪಕ್ಕ ಬಲೆ ಬಿಡಿಸುತ್ತಿದ್ದ. ಅವನಾಚೆ ಕಣ್ಣು ಹಾಯುವಷ್ಟೂ ಕೆಂಪು ನೀರು. ಗುಡಿಯ ತುದಿಯೂ ಕಾಣಲಿಲ್ಲ.

"ಕಾಣಸ್ತೈತೇನ ಬೇ ಗುಡಿ?" ಆಯಿ ನನ್ನ ರಟ್ಟೆ ಹಿಡಿದು ಕೇಳಿದಳು. ಉಳಿದಿದ್ದ ಅವಳ ಒಂದು ಕಣ್ಣಿಗೆ ದೂರದ್ದೆಲ್ಲ ಬರೀ ಬೆಳಕು.

"ಕಾಣಸ್ತೈತಿ ಆಯಿ," ಅಂದೆ. "ಆದ್ರ ಭಾಳ ರಾಡಿ ಐತಿ. ಸನೇಕ ಹೋಗಾಕ ಆಗೂದಿಲ್ಲ. ಇಲ್ಲಿಂದನ ಕೈ ಮುಗಿ."

ಬಸ್ಸಿನಲ್ಲೇ ಕಟ್ಟಿಟ್ಟುಕೊಂಡಿದ್ದ ಸುಳ್ಳು ಅದು. ಯಮನಪ್ಪ ತಲೆಯೆತ್ತಿ ನನ್ನ ಮುಖ ನೋಡಿದ.

"ರಾಡಿ ಇದ್ರ ಏನಾತು? ಹೊಲದಾಗ ಹುಟ್ಟಿದಾಕಿ ನಾ," ಎಂದು ಆಯಿ ಕೈ ಕೊಸರಿಕೊಂಡು ಮುಂದೆ ನಡೆದಳು. ನಾನು ಹಿಡಿಯುವಷ್ಟರಲ್ಲಿ ಅವಳ ಪಾದ ನೀರಿಗೆ ಬಿತ್ತು. ಅಲ್ಲೇ ನಿಂತಳು. ಇನ್ನೊಂದು ಹೆಜ್ಜೆ ಇಟ್ಟಳು. ಸೀರೆಯ ಅಂಚು ತೇಲಿತು.

"ಇದು ಹೊಸಾ ನೀರು," ಅಂದಳು.

ನಾನು ನೀರಿಗಿಳಿದು ಅವಳ ರಟ್ಟೆ ಹಿಡಿದೆ.

"ನೀರ ಬಂದೈತಂದ್ರ ಬಂದೈತಿ ಅನ್ನಬೇಕ. ಕುರುಡಿಗಿ ಆಟಾ ಹಚ್ಚತಿ ಏನ ಬೇ?" ಅವಳ ದನಿ ಏರಿತು. ನನ್ನ ಜನ್ಮದಲ್ಲಿ ಅವಳು ನನ್ನ ಮೇಲೆ ಹಾಗೆ ಕೂಗಿದ್ದಿಲ್ಲ. "ಏನಿತ್ತು ಅಂಥಾ ಕೆಲಸ? ಹೇಳ, ಕೇಳತೇನಿ."

ಹೇಳಿದೆ. ಪ್ರಿಂಟರಿನ ಮಸಿ ತರಿಸುವುದು. ಫೋನಿಗೆ ಹೊಸ ಕವರು. ಹೀರಾಳ ತಂಗಿಯ ನಿಶ್ಚಿತಾರ್ಥದ ಕಾರ್ಡು ಮಾಡಿಕೊಡುವುದು. ಆಫೀಸಿನಲ್ಲಿ ಮೇಲೆ ಕಾಣುತ್ತಿದ್ದ ಒಂದೊಂದೂ ದಂಡೆಯ ಗಾಳಿಯಲ್ಲಿ ಬಾಯಿಂದ ಹೊರಬೀಳುತ್ತಲೇ ಕುಗ್ಗಿಹೋಗುತ್ತಿತ್ತು. ನಾನು ನಿಲ್ಲಿಸಿದಾಗಲೆಲ್ಲ ಆಯಿ "ಇನ್ನ?" ಅಂದಳು. ಮುಗಿಯುವವರೆಗೂ ನಿಂತು ಕೇಳಿದಳು.

ಆಮೇಲೆ ಸೆರಗಿನ ಗಂಟು ಬಿಚ್ಚಿ ಭಂಡಾರವನ್ನು ನೀರಿನ ಮೇಲೆ ಎರಚಿದಳು. ಅದು ಹಳದಿಯ ಪದರವಾಗಿ ತೇಲುತ್ತ ದಂಡೆಗೇ ವಾಪಸು ಬಂದು ಅವಳ ಸೀರೆಗೆ ಮೆತ್ತಿಕೊಂಡಿತು.

"ತಮ್ಮಾ," ಎಂದು ಯಮನಪ್ಪನ ಸದ್ದು ಬಂದ ಕಡೆ ತಿರುಗಿದಳು. "ಮುಂದಿನ ಬ್ಯಾಸಗಿಗಿ ಗುಡಿ ಮ್ಯಾಲೆದ್ದ ಕೂಡ್ಲೆ ಒಂದ ಫೋನ್ ಮಾಡತಿ ಏನಪಾ? ಕಣ್ಣಿಲ್ದಿದ್ರೂ ಬರತೇನಿ. ಕೈಲೆ ಮುಟ್ಟತೇನಿ."

"ಮಾಡತೇನ್ರಿ ಯವ್ವಾ. ಇವರ ನಂಬರ ಕೊಡ್ರಿ."

"ಬ್ಯಾಡ. ಇಕಿದು ಬ್ಯಾಡ. ಮುಧೋಳದಾಗ ನನ್ನ ಸಣ್ಣ ಮಗಾ ಅದಾನ, ಹಾಲೇಶ. ಅವಂದು ಬರಕೋ."

ಆಯಿಗೆ ಕಾಕಾನ ನಂಬರು ಬಾಯಿಗೆ ಬರುವುದಿಲ್ಲ. ಯಮನಪ್ಪ ಫೋನು ತೆಗೆದು ನನ್ನ ಕಡೆ ನೋಡಿದ. ಒಂದೊಂದೇ ಅಂಕಿ ನಾನೇ ಹೇಳಿ ಬರೆಸಿದೆ.