ಹೆಸರು ಹೇಳುವ ಸರದಿ

ವಿಕ್ರಮ ಸರ್ ಹಾಳೆಯೊಂದನ್ನು ನನ್ನ ಮೇಜಿನ ಮೇಲಿಟ್ಟು, "ತಾಈ, ಇಥೆ ಸಹೀ ಕರಾ," ಎಂದು ಬೆರಳಿನಿಂದ ಸಹಿಯ ಜಾಗ ತೋರಿಸಿದರು. ಬಡ್ತಿ ಮಂಡಳಿಯ ಮುಂದಿಡುವ ಫೈಲುಗಳನ್ನು ಸಿದ್ಧಪಡಿಸುವ ಗುಮಾಸ್ತರೆಲ್ಲ ಮೊದಲು ಆ ಹಾಳೆಗೆ ಸಹಿ ಹಾಕಬೇಕು. ನನ್ನ ಮೇಜಿಗೆ ಬಂದ ಪಟ್ಟಿಯಲ್ಲಿರುವ ಹವಾಲ್ದಾರರಲ್ಲಿ ನನ್ನ ಸಂಬಂಧಿಕರು ಯಾರೂ ಇಲ್ಲ, ಫಲಿತಾಂಶ ಹೊರಬೀಳುವವರೆಗೆ ಅವರಲ್ಲಿ ಯಾರೊಂದಿಗೂ ಮಾತುಕತೆ ಇಟ್ಟುಕೊಳ್ಳುವುದಿಲ್ಲ ಎಂಬುದು ಅದರ ಸಾರ.

ಪುಣೆಯ ಈ ಸೇನಾ ದಾಖಲೆ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಗಂಡ ತೀರಿಕೊಂಡ ಮೇಲೆ, ಅನುಕಂಪದ ಆಧಾರದಲ್ಲಿ. ಇಷ್ಟು ವರ್ಷ ಪಿಂಚಣಿ ವಿಭಾಗದಲ್ಲಿದ್ದೆ. ಈ ಚಳಿಗಾಲ ಬಡ್ತಿ ವಿಭಾಗಕ್ಕೆ ಹಾಕಿದರು. ಮೇಜು ಬದಲಾದರೆ ಮನಸ್ಸಿಗೂ ಸ್ವಲ್ಪ ಗಾಳಿಯಾಡುತ್ತದೆ ಅಂದುಕೊಂಡು ಬಂದಿದ್ದೆ.

ಪಟ್ಟಿಯ ಮೇಲೆ ಕಣ್ಣಾಡಿಸುವಾಗ ಆ ಹೆಸರು ಸಿಕ್ಕಿತು. ಹವಾಲ್ದಾರ್ ಜಟ್ಟೆಪ್ಪ.

"ಸರ್, ಸಂಬಂಧ ಇಲ್ಲ. ಗುರುತಿದ್ದವರು ಇದ್ದರೆ?" ಎಂದು ಮರಾಠಿಯಲ್ಲೇ ಕೇಳಿದೆ.

ವಿಕ್ರಮ ಸರ್ ನಕ್ಕರು. "ಅರ್ಧ ಫೌಜು ನಿಮಗೆ ಗುರುತೇ ತಾಈ. ಗುರುತಿದ್ದರೆ ತಪ್ಪಿಲ್ಲ, ಮಾತಾಡಬಾರದು ಅಷ್ಟೇ. ಮನಸ್ಸಿಗೆ ಸರಿಬರದಿದ್ದರೆ ಹೇಳಿ, ಆ ಫೈಲು ಮಿಥುನನ ಮೇಜಿಗೆ ಹಾಕ್ತೇನೆ."

ಎದುರು ಮೇಜಿನ ಮಿಥುನ ತಲೆಯೆತ್ತಿದ. ಕುಂದಾಪುರದ ಕಡೆಯವನು. ತಂದೆ ತಳೇಗಾಂವದಲ್ಲಿ ಹೋಟೆಲು ನಡೆಸುತ್ತಾರೆ. ವಿಭಾಗದಲ್ಲಿ ನನ್ನೊಡನೆ ಕನ್ನಡ ಆಡುವವನು ಅವನೊಬ್ಬನೇ. "ನನ್ನ ಮೇಜೆಂತ ಗೋದಾಮಾ ಸಪ್ನಕ್ಕ? ಆಯ್ತು, ಕೊಡಿ. ಅದರಲ್ಲಿ ಎಂತದಾದ್ರೂ ಕಾಗದ ಕಮ್ಮಿ ಉಂಟಾ?"

"ಇದ್ದರೆ ಏನ್ ಮಾಡ್ತಿ?"

"ಅವರ ಯೂನಿಟ್ಟಿಗೆ ಒಂದು ಪತ್ರ ಹಾಕ್ತೇನೆ. ಬಂದ್ರೆ ಬಂತು. ಬರದಿದ್ರೆ 'ದಾಖಲೆ ಅಪೂರ್ಣ' ಅಂತ ಬರೆದು ಬದಿಗಿಡ್ತೇನೆ. ನಿಯಮ ಅಷ್ಟೇ ಅಲ್ವಾ ಮಾರಾಯ್ರೆ?"

ನಿಯಮ ಅಷ್ಟೇ ಹೌದು. ನಾನು ಜಟ್ಟೆಪ್ಪನ ಫೈಲು ತೆರೆದು ನೋಡಿದೆ. ಐದು ವರ್ಷದ ಗೋಪ್ಯ ವರದಿಗಳು ಚೆನ್ನಾಗಿದ್ದವು. ಪರೀಕ್ಷೆ ಪಾಸಾಗಿತ್ತು. ಶಿಕ್ಷೆಯ ಪುಟ ಖಾಲಿ. ಆದರೆ ಮೊಣಕಾಲು ಮುರಿದುಕೊಂಡಿದ್ದವನನ್ನು ಹಿಂದೆ ಕೆಳಗಿನ ವೈದ್ಯಕೀಯ ವರ್ಗಕ್ಕೆ ಇಳಿಸಿದ್ದರು. ಅಲ್ಲಿಂದ ಮೇಲೆ ಬಂದದ್ದಕ್ಕೆ ಕಾಗದವಿರಲಿಲ್ಲ. ಆ ಕಾಗದವಿಲ್ಲದೆ ಮಂಡಳಿ ಅವನ ಫೈಲನ್ನು ಮುಟ್ಟುವುದಿಲ್ಲ. ವಯಸ್ಸಿನ ಮಿತಿಯಿಂದಾಗಿ ಇದು ಅವನ ಕೊನೆಯ ಅವಕಾಶವೂ ಆಗಿತ್ತು. ಈ ಸಲ ಆಗದಿದ್ದರೆ ಬೇಸಿಗೆಯಲ್ಲಿ ಹವಾಲ್ದಾರನಾಗಿಯೇ ಮನೆಗೆ ಹೋಗಬೇಕು.

ಫೈಲನ್ನು ನನ್ನ ಬಳಿಯೇ ಇಟ್ಟುಕೊಂಡು ನಾನು ಸಹಿ ಹಾಕಿದೆ. ಹಾಕುವಾಗಲೇ ಗೊತ್ತಿತ್ತು, ಇದರಿಂದ ನನಗೆ ಏನು ತಪ್ಪುತ್ತದೆಂದು.

*

ಜಟ್ಟೆಪ್ಪ ನನ್ನ ಗಂಡನ ಗೆಳೆಯ. ಇಬ್ಬರೂ ಇಂಡಿ ತಾಲೂಕಿನವರು, ಒಟ್ಟಿಗೇ ಸೇನೆ ಸೇರಿದವರು. ಬೆಟ್ಟದ ರಸ್ತೆಯಲ್ಲಿ ಲಾರಿ ಉರುಳಿ ಇವರು ಹೋದಾಗ ಪೆಟ್ಟಿಗೆಯ ಜೊತೆ ಊರಿಗೆ ಬಂದವನು ಅವನೇ. ಅಂದಿನಿಂದ ಪ್ರತಿ ವರ್ಷ ಆ ದಿನ ಫೋನು ಮಾಡುತ್ತಾನೆ. ವರ್ಷಕ್ಕೆ ಅದೊಂದೇ ಫೋನು. ಹಬ್ಬಕ್ಕೂ ಇಲ್ಲ, ಹೊಸ ವರ್ಷಕ್ಕೂ ಇಲ್ಲ.

"ವೈನೀ, ಇವತ್ತ ಮಾಂತೂನ ನೆನಪ ಆತ್ರೀ," ಎಂದು ಶುರು ಮಾಡುತ್ತಾನೆ. ಅವನಿಗೆ ನಾನು ವೈನಿ, ಅತ್ತಿಗೆ. ಆಮೇಲೆ ಒಂದು ಕಥೆ. ಮಾಂತು ಹಿಮದಲ್ಲಿ ಕಟಕ ರೊಟ್ಟಿಯನ್ನು ಒಲೆಗೊಡ್ಡಿ ಹಂಚಿದ್ದು. ಮಾಂತು ಸುಬೇದಾರ ಸಾಹೇಬರ ಚಹಾಕ್ಕೆ ಸಕ್ಕರೆ ಬದಲು ಉಪ್ಪು ಹಾಕಿ, ತಾನೇ ಮೊದಲ ಗುಟುಕು ಕುಡಿಯಬೇಕಾಗಿ ಬಂದದ್ದು. ಪ್ರತಿ ವರ್ಷ ಬೇರೆ ಕಥೆ. ಮದುವೆಯಾದ ಮೇಲೆ ಇವರು ರಜೆಗೆ ಬಂದು ಹೋದ ದಿನಗಳನ್ನೆಲ್ಲ ಕೂಡಿಸಿದರೂ ನಾನು ಇವರ ಜೊತೆ ಬಾಳಿದ್ದಕ್ಕಿಂತ ಜಟ್ಟೆಪ್ಪ ಬಾಳಿದ್ದೇ ಹೆಚ್ಚು. ನನ್ನ ಗಂಡ ನನಗೆ ವರ್ಷಕ್ಕೊಂದು ತುಣುಕಿನಂತೆ ಅವನ ಬಾಯಿಂದ ಸಿಗುತ್ತಿದ್ದರು.

ಕಥೆಗಿಂತ ಹೆಚ್ಚಾಗಿ ಆ ಹೆಸರು. ನಮ್ಮ ಮನೆಗಳಲ್ಲಿ ಹೆಂಡತಿ ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆಯಲ್ಲಿ, ಸೀಮಂತದಲ್ಲಿ, ಅರಿಸಿನ-ಕುಂಕುಮದಲ್ಲಿ ಹೆಂಗಸರು ಸುತ್ತ ಕೂತು "ಹೆಸರು ಹೇಳವ್ವ" ಎಂದು ಕಾಡಿದಾಗ, ಪ್ರಾಸದ ಒಡಪಿನೊಳಗೆ ಅಡಗಿಸಿ ಒಮ್ಮೆ ಹೇಳಿ ನಾಚಿಕೊಳ್ಳುವುದು, ಅಷ್ಟೇ. ವಿಧವೆಯನ್ನು ಯಾರೂ ಕೇಳುವುದಿಲ್ಲ. ಅತ್ತೆ ಇದ್ದಷ್ಟು ದಿನ ಅವರು ಅಳುತ್ತಲಾದರೂ "ನನ್ನ ಮಾಂತೂ" ಅನ್ನುತ್ತಿದ್ದರು. ಅವರೂ ಹೋದರು. ಮಕ್ಕಳಾಗಲಿಲ್ಲ. ದಾಪೋಡಿಯ ನನ್ನ ಒಂದು ಕೋಣೆಯ ಮನೆಯಲ್ಲಿ ಆ ಹೆಸರನ್ನು ಕೂಗುವವರು ಯಾರಿದ್ದಾರೆ? ನನ್ನ ಕಿವಿಗೆ ಅದು ಬೀಳುವುದು ವರ್ಷಕ್ಕೊಮ್ಮೆ, ಜಟ್ಟೆಪ್ಪನಿಂದ.

ಆ ದಿನ ಈ ಸಲ ಮಂಡಳಿ ಕೂಡುವ ಮೊದಲೇ ಬರುತ್ತಿತ್ತು. ಫೈಲು ನನ್ನ ಬಳಿ ಇದ್ದರೆ ಫೋನು ಎತ್ತುವಂತಿಲ್ಲ. ಫೋನು ಬೇಕೆಂದರೆ ಫೈಲು ಮಿಥುನನ ಮೇಜಿಗೆ ಹೋಗಬೇಕು. ಅಲ್ಲಿ ಒಂದು ಪತ್ರ ಹೋಗುತ್ತದೆ, ಅಷ್ಟೇ. 'ಈಗ ಫೋನು ಮಾಡಬೇಡಿ' ಎಂದು ಮೆಸೇಜು ಹಾಕೋಣವೆಂದರೆ ಅದೂ ಮಾತುಕತೆಯೇ ಆಯಿತು, ಅವನ ಫೈಲು ನನ್ನ ಕೈಯಲ್ಲಿದೆ ಎಂದು ಹೇಳಿದಂತೆಯೂ ಆಯಿತು.

*

ಆ ಕಾಗದದ ಹಿಂದೆ ಬಿದ್ದೆ. ಅವನ ಯೂನಿಟ್ಟಿನ ಗುಮಾಸ್ತ ರಜೆಯ ಮೇಲಿದ್ದ. ಆತನ ಜಾಗದಲ್ಲಿದ್ದವನು ಕಾಗದ ಆಸ್ಪತ್ರೆಯಲ್ಲಿದೆ ಅಂದ. ಆಸ್ಪತ್ರೆಯವರು ಯೂನಿಟ್ಟಿಗೆ ಕಳಿಸಿಯಾಗಿದೆ ಅಂದರು. ಮತ್ತೆ ಯೂನಿಟ್ಟು, ಮತ್ತೆ ಆಸ್ಪತ್ರೆ. ನನ್ನ ಮೇಜಿನ ಮೇಲೆ ಇಂಥ ಅಪೂರ್ಣ ಫೈಲುಗಳು ಇನ್ನೂ ಕೆಲವಿದ್ದವು. ಕೆಲವು ಕೇರಳದವರದು, ಒಂದು ಸಾತಾರೆಯವನದು. ಅವುಗಳಿಗೂ ಅಷ್ಟೇ ಫೋನು ಮಾಡಿದೆ. ಒಬ್ಬನಿಗೆ ಮಾಡಿ ಉಳಿದವರಿಗೆ ಬಿಟ್ಟರೆ ಆ ಸಹಿ ಸುಳ್ಳಾಗುತ್ತಿತ್ತು.

"ಸಪ್ನಕ್ಕ, ನಿಮ್ಮ ಗಂಟಲು ಹೋಗ್ತದೆ," ಮಿಥುನ ಬಿಸಿನೀರು ತಂದಿಟ್ಟ. "ಯಾರಿಗೋಸ್ಕರ ಇಷ್ಟು?"

"ಎಲ್ಲಾರಿಗೂ."

"ಹಾಗಾದ್ರೆ ನನ್ನದೂ ನಾಲ್ಕು ಫೈಲು ಕೊಡ್ಲಾ?" ಎಂದು ನಗುತ್ತಾ ಕೊಟ್ಟೇಬಿಟ್ಟ. ತೆಗೆದುಕೊಂಡೆ.

ಆ ದಿನ ಬಂತು. ಸಂಕ್ರಾಂತಿಯಿಂದ ರಥಸಪ್ತಮಿವರೆಗೆ ಇಲ್ಲಿ ಅರಿಸಿನ-ಕುಂಕುಮದ ಕಾಲ. ಕಚೇರಿಯ ಹೆಂಗಸರು ಮಧ್ಯಾಹ್ನದ ಬಿಡುವಿನಲ್ಲಿ ಊಟದ ಕೋಣೆಯಲ್ಲಿ ಕೂಡಿದ್ದರು. ಸಂಕ್ರಾಂತಿಗೆಂದು ಇಲ್ಲಿ ಉಡುವ ಕಪ್ಪು ಸೀರೆಗಳು, ಎಳ್ಳುಂಡೆಯ ಡಬ್ಬಿಗಳು. ಉಜ್ವಲಾ ನನಗೂ ಎಳ್ಳುಂಡೆ ಕೊಟ್ಟಳು. ಕುಂಕುಮದ ಬಟ್ಟಲು ಮಾತ್ರ ನನ್ನ ಪಕ್ಕದವಳಿಂದ ಆಚೆಯವಳಿಗೆ ಹೋಯಿತು. ಯಾರ ಮನಸ್ಸಿನಲ್ಲೂ ಕೆಟ್ಟದ್ದಿರಲಿಲ್ಲ. ನನಗೆ ಮುಜುಗರವಾಗಬಾರದೆಂದು ಪ್ರತಿ ವರ್ಷವೂ ಒಂದು ಕೆಲಸ ಕೊಡುತ್ತಾರೆ.

"ಸಪ್ನಾತಾಈ, ತುಮ್ಹೀ ವಿಡಿಯೋ ಕಾಢಾ," ಎಂದಳು ಉಜ್ವಲಾ. "ನಿಮ್ಮ ಕೈ ಅಲ್ಲಾಡೋದಿಲ್ಲ."

ನನ್ನ ಫೋನು ಹಿಡಿದು ನಿಂತೆ. ಒಬ್ಬೊಬ್ಬರಾಗಿ ಉಖಾಣೆ ಹೇಳತೊಡಗಿದರು. ನಮ್ಮ ಒಡಪಿನ ಮರಾಠಿ ಅಕ್ಕತಂಗಿ ಅದು. ಲೋಣಾವಳಾದ ಚಿಕ್ಕಿಗೂ ಗಂಡನ ಸಿಡುಕಿಗೂ ಪ್ರಾಸ ಕೂಡಿಸಿ ಉಜ್ವಲಾ ಎಲ್ಲರನ್ನೂ ನಗಿಸಿದಳು. ಇನ್ನೇನು ಗಂಡನ ಹೆಸರಿಗೆ ಬರಬೇಕು, ಪರದೆಯ ಮೇಲೆ ಅವಳ ಮುಖ ಮಾಯವಾಗಿ 'ಜಟ್ಟೆಪ್ಪಣ್ಣ' ಎಂದು ಮೂಡಿತು. ಫೋನು ನನ್ನ ಕೈಯೊಳಗೆ ನಡುಗಿತು.

"ತಾಈ, ಫೋನು. ಎತ್ತಿರಿ, ನಾವು ನಿಲ್ಲಿಸ್ತೇವೆ," ಎಂದರು ಯಾರೋ.

"ಬೇಡ. ಮಹತ್ವದ್ದಲ್ಲ," ಅಂದೆ. ಪಕ್ಕದ ಗುಂಡಿ ಒತ್ತಿ ಸದ್ದಡಗಿಸಿದೆ. ಹೆಸರು ಪರದೆಯ ಮೇಲೆ ಇನ್ನೂ ಕೆಲವು ಕ್ಷಣ ಇತ್ತು. ಆಮೇಲೆ ಹೋಯಿತು. ಉಜ್ವಲಾ ಮತ್ತೆ ಮೊದಲಿಂದ ಹೇಳಿದಳು. ಅವಳ ಗಂಡನ ಹೆಸರು ಕೇಳಿ ಎಲ್ಲರೂ ಚಪ್ಪಾಳೆ ತಟ್ಟಿದರು. ಕೈ ಅಲ್ಲಾಡದಂತೆ ನಾನು ಚಿತ್ರ ತೆಗೆದೆ.

ಸಂಜೆ ಲೋಕಲ್ ರೈಲಿನಲ್ಲಿ ಅವನ ಫೋನು ಮತ್ತೊಮ್ಮೆ ಬಂತು. ಕಿಟಕಿಯ ಹೊರಗೆ ನೋಡುತ್ತಾ ಕೂತೆ. ರಿಂಗು ನಿಂತ ಮೇಲೆ ಫೋನನ್ನು ಚೀಲಕ್ಕೆ ಹಾಕಿದೆ. ಮೂರನೆಯ ಸಲ ಬರಲಿಲ್ಲ. ಮನೆಗೆ ಬಂದು ದೀಪ ಹಚ್ಚಿ, ಇವರ ಫೋಟೋದ ಮುಂದೆ ಎಳ್ಳುಂಡೆ ಇಟ್ಟೆ. ಏನಾದರೂ ಅನ್ನೋಣವೆಂದು ಬಾಯಿ ತೆರೆದೆ. ಯಾವ ಶಬ್ದದಿಂದ ಕರೆಯಬೇಕೆಂದು ತಿಳಿಯದೆ ಮುಚ್ಚಿದೆ.

*

ಕಾಗದ ಕೊನೆಗೂ ಬಂತು. ಆಸ್ಪತ್ರೆಯ ಕಪಾಟೊಂದರಲ್ಲಿ ಬೇರೆಯವನ ಕಾಗದಗಳ ನಡುವೆ ಸೇರಿಕೊಂಡಿತ್ತಂತೆ. 'ಪೂರ್ಣ ಆರೋಗ್ಯ' ಎಂದು ಬರೆದಿದ್ದ ಆ ಪುಟವನ್ನು ಅದರ ಜಾಗದಲ್ಲಿ ಸೇರಿಸಿ ದಾರ ಕಟ್ಟಿದೆ. ಸಾತಾರೆಯವನದೂ ಬಂತು. ಕೇರಳದ ಒಬ್ಬನದು ಬರಲೇ ಇಲ್ಲ. ಅವನ ಫೈಲಿನ ಮೇಲೆ 'ಅಪೂರ್ಣ' ಎಂದು ನಾನೇ ಬರೆದೆ. ಬರೆಯುವಾಗ ಅವನಿಗೂ ಎಲ್ಲೋ ಒಬ್ಬ ಗೆಳೆಯನ ಹೆಂಡತಿ ಇರಬಹುದು ಅನಿಸಿತು.

ಇವರು ತೀರಿಕೊಂಡ ವರ್ಷ ಇವರ ಹೆಸರೂ ಇಂಥದೇ ಪಟ್ಟಿಯಲ್ಲಿತ್ತು. ಇದೇ ಮೇಜುಗಳಲ್ಲಿ ಒಂದರ ಮೇಲೆ ಯಾರೋ ಫೈಲಿಗೆ ದಾರ ಕಟ್ಟಿ, ಆಮೇಲೆ ಬಿಚ್ಚಿರಬೇಕು.

ಮಂಡಳಿ ಕೂಡಿ ಮುಗಿಯಿತು. ಶಿವರಾತ್ರಿ ಕಳೆದ ಮೇಲೆ ಫಲಿತಾಂಶ ಬಂತು. ನಾಯಬ್ ಸುಬೇದಾರರಾಗುವವರ ಹೆಸರುಗಳಲ್ಲಿ ಜಟ್ಟೆಪ್ಪ ಇದ್ದ. ವಿಕ್ರಮ ಸರ್ ಸಹಿಯ ಹಾಳೆಗಳನ್ನು ಕಪಾಟಿನಲ್ಲಿ ಹಾಕಿ ಬೀಗ ಹಾಕಿದರು. "ಈಗ ಯಾರ ಜೊತೆ ಬೇಕಾದ್ರೂ ಮಾತಾಡ್ರಿ," ಎಂದು ಎಲ್ಲರಿಗೂ ಹೇಳಿದರು. "ಒಳಗೆ ನಡೆದದ್ದು ಮಾತ್ರ ಒಳಗೇ."

ಅವನು ಮಾಡುತ್ತಾನೆಂದು ಭಾನುವಾರದವರೆಗೆ ಕಾದೆ. ಮಾಡಲಿಲ್ಲ. ಇಷ್ಟು ವರ್ಷಗಳಲ್ಲಿ ನಾನಾಗಿಯೇ ಅವನ ನಂಬರು ಒತ್ತಿದವಳಲ್ಲ. ಒತ್ತಿದೆ.

"ಹೇಳ್ರಿ ವೈನೀ." ದನಿ ತಗ್ಗಿತ್ತು.

"ಸಾಹೇಬ್ರಾದ್ರಂತ, ಕೇಳಿದೆ. ಭಾಳ ಸಂತೋಷ ಆತು."

"ಆತ್ರಿ, ನಿಮ್ಮ ಆಶೀರ್ವಾದ. ಕಾಗದ ಒಂದು ಕಳದಿತ್ತಂತ, ಯಾರೋ ಪುಣ್ಯಾತ್ಮರು ಹುಡುಕ್ಯಾರ." ಆಮೇಲೆ ಅಂದ, "ಅವತ್ತ ಫೋನ್ ಮಾಡಿದ್ದೆ ವೈನೀ. ಎರಡ ಸಲ."

"ಗೊತ್ತದ. ಎತ್ತಾಕ ಆಗಲಿಲ್ಲ."

"ಇರಲಿ ಬಿಡ್ರಿ. ನಮ್ಮ ಮನ್ಯಾಕಿ ಕಾಶವ್ವ ಅಂದ್ಲು, 'ಆರಿದ ಗಾಯಾನ ವರ್ಷಾ ವರ್ಷಾ ಯಾಕ ಕೆದರ್ತೀರಿ, ಆಕೀಗೆ ಬ್ಯಾಡಾಗಿರಬೇಕು' ಅಂತ. ಖರೆ ಅನಿಸ್ತು. ಇನ್ನ ತ್ರಾಸ ಕೊಡಾಂಗಿಲ್ರಿ."

ಯಾಕೆ ಎತ್ತಲಿಲ್ಲವೆಂದು ಹೇಳುವಂತಿರಲಿಲ್ಲ, ಇಂದಿಗೂ ಇಲ್ಲ, ಎಂದಿಗೂ ಇಲ್ಲ. ಕಿಟಕಿಯ ಹೊರಗೆ ರೈಲೊಂದು ಹೋಯಿತು. ಅದರ ಸದ್ದಿಗೆ ನಾನು ಎದ್ದು ಕಿಟಕಿ ಮುಚ್ಚಿದೆ.

"ಅವ ಇದ್ದಿದ್ರ ನನ್ನಕಿಂತ ಮೊದಲ ಸಾಹೇಬ ಆಗ್ತಿದ್ದ," ಎಂದ ಜಟ್ಟೆಪ್ಪ.

'ಅವ' ಅಂದ. ನನಗೆ ನೋವಾಗದಿರಲೆಂದು ಹೆಸರನ್ನು ಬಿಟ್ಟಿದ್ದ. ಆ ಹೆಸರನ್ನು ಹೇಳುತ್ತಿದ್ದ ಕೊನೆಯ ಬಾಯಿಯೂ ಅದನ್ನು ನುಂಗಿಕೊಳ್ಳಲು ಕಲಿತುಬಿಟ್ಟಿತ್ತು.

"ಜಟ್ಟೆಪ್ಪಣ್ಣ, ಈ ವರ್ಷದ ಕಥಿ ಇನ್ನೂ ಹೇಳಿಲ್ಲ ನೀವು."

"ಕಥಿ?" ಅವನು ಕೆಮ್ಮಿದ. "ಖರೆ ಹೇಳ್ಲೇನ್ರಿ? ಎಲ್ಲಾ ಮುಗದಾವ. ಹೋದ ವರ್ಷದ್ದು ಅರ್ಧಾ ನಾನ ಕಟ್ಟಿದ್ದೆ. ನೀವು ಕಾಯ್ತಿರ್ತೀರಿ ಅಂತ... ಸಿಟ್ಟ ಬಂತೇನ್ರಿ?"

ನನಗೆ ನಗು ಬಂತು. ಇಷ್ಟು ವರ್ಷ ಕೇಳುತ್ತಲೇ ಇದ್ದೆ. ನನ್ನ ಬಳಿ ಹೇಳುವಂಥದ್ದು ಏನಿದೆ ಅಂದುಕೊಂಡಿದ್ದೆ. ಗೋಡೆಯ ಮೇಲೆ ಫೋಟೋದ ಹಿಂದಿನಿಂದ ಹಲ್ಲಿಯೊಂದು ಹೊರಬಂದು ನಿಂತಿತು.

"ಹಂಗಾದ್ರ ಈ ಸಲ ನಾನ ಹೇಳ್ತೀನಿ," ಅಂದೆ. ಒಡಪಿರಲಿಲ್ಲ, ಕಾಡುವ ಹೆಂಗಸರಿರಲಿಲ್ಲ. ನಾಲಿಗೆ ಹೊಸ ಚಪ್ಪಲಿ ಹಾಕಿಕೊಂಡವರಂತೆ ತಡವರಿಸಿತು. "ಮಾಂತು... ಮಾಂತು ರಜಾಕ್ಕ ಬಂದಾಗ, ಮನ್ಯಾಗ ಹಲ್ಲಿ ಕಂಡ್ರ ಹಾಸಿಗಿ ಮ್ಯಾಲೆ ಹತ್ತಿ ನಿಲ್ತಿದ್ರು. ನಾನು ಕಸಬರಗಿ ತರೂ ತನಕ ಕೆಳಗ ಇಳೀತಿದ್ದಿಲ್ಲ."

"ಹಲ್ಲಿಗೆ?" ಜಟ್ಟೆಪ್ಪನ ದನಿ ಏರಿತು. "ನಮ್ಮ ಮಾಂತು? ಹಲ್ಲಿಗೆ? ಬಿಡ್ರಿ ವೈನೀ, ಸುಳ್ಳ!"

"ಖರೇರಿ. ಯಾರಿಗೂ ಹೇಳಬ್ಯಾಡ ಅಂತ ಆಣಿ ತಗೊಂಡಿದ್ರು ಮಾಂತು."

ಆ ಕಡೆ ಅವನು ನಗುತ್ತಲೇ ಇದ್ದ. "ಏ ಕಾಶವ್ವ, ಬಾ ಇಲ್ಲಿ, ಕೇಳ ಮಾಂತೂನ ಶೌರ್ಯ!" ಎಂದು ಹೆಂಡತಿಯನ್ನು ಕೂಗಿದ. ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.