ಕಡೇ ಸ್ಟಾಪಿನ ಬೀಗ

ವಠಾರದಲ್ಲಿ ಆರು ಮನೆ, ಎರಡು ಶೌಚಾಲಯ. ಇಂಥ ಕಡೆ ಯಾರು ಎಷ್ಟು ಸಲ ಒಳಗೆ ಹೋದರು, ಎಷ್ಟು ಹೊತ್ತು ಕೂತರು ಎನ್ನುವುದೆಲ್ಲ ಎಲ್ಲರಿಗೂ ಗೊತ್ತು. ಅಂದು ಬೆಳಿಗ್ಗೆ ಮಿಲ್ಲಮ್ಮನ ಸೊಸೆ ಬಕೆಟ್ ಹಿಡಿದು ನಾಲ್ಕನೇ ಸಲ ಅತ್ತ ಹೋದಳು. ಎದುರುಮನೆಯ ಇಸ್ತ್ರಿಯವಳು ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು, ಸೊಂಟಕ್ಕೆ ಕೈಕೊಟ್ಟು, ನಿಮ್ಮ ಸೊಸೆ ಸಂಸಾರವನ್ನು ಅಲ್ಲಿಗೇ ಸಾಗಿಸಿದಳೇನು ಎಂದು ಕೇಳಿಯೇಬಿಟ್ಟಳು.

ಮಿಲ್ಲಮ್ಮನಿಗೆ ರೇಗಿತು. ಇಪ್ಪತ್ತೆಂಟು ವರ್ಷ ನೂಲಿನ ಮಿಲ್ಲಿನಲ್ಲಿ ನಿಂತು ದುಡಿದವಳು ಅವಳು. ಗಂಡ ಸತ್ತ ಮೇಲೂ ಒಂದು ದಿನ ಕೆಲಸ ತಪ್ಪಿಸಿದವಳಲ್ಲ. ಅವಳಿಗೆ ರೇಗುವುದಕ್ಕೆ ಹೆಚ್ಚು ಹೊತ್ತು ಬೇಕಾಗುತ್ತಿರಲಿಲ್ಲ. ನಿನ್ನ ಇಸ್ತ್ರಿ ನೋಡ್ಕೋ, ಯಾರದ್ದೋ ಅಂಗಿ ಸುಟ್ಟೀತು ಎಂದು ಒಳಗೆ ಬಂದಳು. ಬಂದಳೇನೋ ಸರಿ, ಮನಸ್ಸಿನಲ್ಲಿ ಹುಳ ಕೊರೆಯುತ್ತಲೇ ಇತ್ತು.

ಸೊಸೆ ಬಸ್ ಕಂಡಕ್ಟರ್. ಕೆಲಸಕ್ಕೆ ಸೇರಿ ಎಂಟು ತಿಂಗಳು. ಸೇರಿಸಿದವಳು ಮಿಲ್ಲಮ್ಮನೇ, ಅರ್ಜಿ ಹಾಕಿಸಿ, ಮಗನನ್ನು ಒಪ್ಪಿಸಿ, ಮೊದಲ ದಿನ ಖಾಕಿ ಅಂಗಿಗೆ ತಾನೇ ಗುಂಡಿ ಭದ್ರ ಮಾಡಿ ಕಳಿಸಿದ್ದಳು. ಈಗ ಅದೇ ಸೊಸೆ ಐದು ದಿನದಿಂದ ಹಿಂಡಿ ಹಿಪ್ಪೆಯಾಗಿದ್ದಳು. ಮೊದಲು ತಡೆದು ತಡೆದು, ಆಮೇಲೆ ಅಳು ನುಂಗಿಕೊಂಡು ಹೇಳಿದ್ದಿಷ್ಟು: ಒಂದಕ್ಕೆ ಹೋದರೆ ಉರಿ, ತೊಟ್ಟು ತೊಟ್ಟಾಗಿ ಬರುತ್ತದೆ, ಬಂದ ಐದು ನಿಮಿಷಕ್ಕೆ ಮತ್ತೆ ಹೋಗಬೇಕು ಅನ್ನಿಸುತ್ತದೆ.

ಮಿಲ್ಲಮ್ಮ ಮಗನನ್ನು ಔಷಧಿ ಅಂಗಡಿಗೆ ಅಟ್ಟಿದಳು. ಮಗ ಲೇತ್ ಮೆಷಿನ್ನಿನಲ್ಲಿ ಕಬ್ಬಿಣವನ್ನು ಕೂದಲೆಳೆಯಷ್ಟು ತಪ್ಪದೆ ಕಡೆಯುವ ಗಟ್ಟಿಗ. ಆದರೆ ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳನ್ನು ಕಂಡು ನಾಚಿ, ನನಗೆ ಹೊಟ್ಟೆನೋವು ಎಂದು ಹೇಳಿ ಹೊಟ್ಟೆನೋವಿನ ಮಾತ್ರೆ ತಂದ. ಉರಿಗೆ ಹೊಟ್ಟೆನೋವಿನ ಮಾತ್ರೆ! ಅದನ್ನೇ ಆ ಹೆಣ್ಣು ನಾಲ್ಕು ದಿನ ನುಂಗಿತು. ಇಂಥ ಬುದ್ಧಿವಂತರಿಗೆ ಏನನ್ನಬೇಕೋ ನೀವೇ ಹೇಳಿ.

ಇಷ್ಟರ ಮಧ್ಯೆ ಇಸ್ತ್ರಿಯವಳು ಮಗನ ಕಿವಿ ಕಚ್ಚಿದ್ದಳು. ದಿನವಿಡೀ ಗಂಡಸರ ನಡುವೆ ಓಡಾಡುವ ಕೆಲಸ, ಆ ಜಾಗದಲ್ಲಿ ಉರಿ ಸುಮ್ಮಸುಮ್ಮನೆ ಬರುವುದಿಲ್ಲ, ಅದು ಅಂಥವರಿಗೆ ಬರುವ ಕಾಯಿಲೆ ಎಂದಿದ್ದಳು. ಮಗನದು ಮೊದಲೇ ಹಿತ್ತಾಳೆ ಕಿವಿ. ಎರಡು ದಿನ ಹೆಂಡತಿಯ ಮುಖ ನೋಡಲಿಲ್ಲ. ಐದನೇ ದಿನ ಊಟದ ತಟ್ಟೆ ಸರಿಸಿ ತೀರ್ಪು ಕೊಟ್ಟ: ನಾಳೆಯೇ ಕೆಲಸ ಬಿಡಬೇಕು, ತವರಿಗೆ ಹೋಗಬೇಕು. ವಾಪಸು ಕರೆಸುವುದೋ ಬಿಡುವುದೋ ಆಮೇಲೆ ನೋಡೋಣ.

ಮಿಲ್ಲಮ್ಮ ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಯಾಕೆಂದರೆ ಅವಳಿಗೂ ಒಳಗೊಳಗೆ ಅದೇ ಅನುಮಾನ. ಹೇಳಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಇದ್ದಹಾಗೇ ಹೇಳಬೇಕಲ್ಲ.

ಮರುದಿನ ಸೊಸೆ ಬಟ್ಟೆ ಗಂಟು ಕಟ್ಟುತ್ತಾ ಕಟ್ಟುತ್ತಾ ಗೋಡೆಗೆ ಒರಗಿ ಕೂತುಬಿಟ್ಟಳು. ಹಲ್ಲು ಕಟಕಟ ಕಡಿಯುವಷ್ಟು ಚಳಿ, ಮೈ ಮುಟ್ಟಿದರೆ ಕೆಂಡ, ಪಕ್ಕೆಲುಬಿನ ಕೆಳಗೆ ಬೆನ್ನಿನಲ್ಲಿ ತಾಳಲಾರದ ನೋವು. ಮಿಲ್ಲಮ್ಮ ಗಂಟನ್ನು ಅಲ್ಲೇ ಬಿಟ್ಟು ಆಟೋ ಕರೆದು ಆರೋಗ್ಯ ಕೇಂದ್ರಕ್ಕೆ ಕರೆದೊಯ್ದಳು. ಅರ್ಧ ಗಾಬರಿ, ಇನ್ನರ್ಧ ಇವತ್ತು ಸತ್ಯ ಗೊತ್ತಾಗಿಬಿಡಲಿ ಎನ್ನುವ ಹಟ.

ಅಲ್ಲಿ ಡಾಕ್ಟರು ನೋಡಿ, ಮೂತ್ರ ಪರೀಕ್ಷೆ ಮಾಡಿಸಿ, ಸೂಜಿ ಚುಚ್ಚಿ ಮಲಗಿಸಿದರು. ಉಳಿದ ವಿಚಾರಣೆ ನರ್ಸಮ್ಮನದು. ಬೆಳಗಿನಿಂದ ನಿಂತೇ ಇದ್ದ ಆಕೆಗೆ ಸುತ್ತಿಬಳಸಿ ಮಾತಾಡುವಷ್ಟು ಪುರುಸೊತ್ತಿರಲಿಲ್ಲ. ಅತ್ತೆ ಹೊರಗಿರಲಿ ಎಂದಳು. ಸೊಸೆ ಮಲಗಿದ್ದಲ್ಲಿಂದಲೇ ಬೇಡ, ಅವರೂ ಕೇಳಲಿ ಎಂದಳು.

ಮಿಲ್ಲಮ್ಮ ತಡೆಯಲಾರದೆ ಕೇಳಿಯೇ ಕೇಳಿದಳು. "ನರ್ಸಮ್ಮ, ಇದು ಆ ಥರದ ಕಾಯಿಲೆನಾ?"

"ಯಾವ ಥರದ್ದು?"

"ಅದೇ... ನಡತೆ ಕೆಟ್ಟವರಿಗೆ ಬರೋದು ಅಂತಾರಲ್ಲ."

ನರ್ಸಮ್ಮ ಪೆನ್ನು ಕೆಳಗಿಟ್ಟಳು. "ಈ ತಿಂಗಳಲ್ಲಿ ಇದನ್ನ ಕೇಳಿದವರಲ್ಲಿ ನೀವು ಒಂಬತ್ತನೆಯವರು. ಇದು ಮೂತ್ರದ ಸೋಂಕು. ಮದುವೆಯಾಗದ ಹುಡುಗೀಗೂ ಬರುತ್ತೆ, ಎಂಬತ್ತರ ಅಜ್ಜೀಗೂ ಬರುತ್ತೆ. ಹೆಂಗಸರಿಗೆ ಮೂತ್ರ ಹೊರಗೆ ಬರೋ ದಾರಿ ಗಿಡ್ಡ, ಅದಕ್ಕೇ ನಮಗೆ ಜಾಸ್ತಿ. ಇದಕ್ಕೂ ನಡತೆಗೂ ಏನೂ ಸಂಬಂಧ ಇಲ್ಲ."

ಆಮೇಲೆ ನರ್ಸಮ್ಮ ಸೊಸೆಯ ಕಡೆ ತಿರುಗಿ, ಕೆಲಸದ ಹೊತ್ತಿನಲ್ಲಿ ಎಷ್ಟು ನೀರು ಕುಡಿಯುತ್ತೀ ಎಂದು ಕೇಳಿದಳು. ಬೆಳಿಗ್ಗೆ ಅರ್ಧ ಲೋಟ ಟೀ ಎಂದಳು ಸೊಸೆ. ಆಮೇಲೆ? ಆಮೇಲೆ ಮನೆಗೆ ಬರುವ ತನಕ ಏನಿಲ್ಲ, ಬಾಯಿ ಒಣಗಿದರೆ ಒಂದು ಲವಂಗ. ಎಂಟೊಂಬತ್ತು ಗಂಟೆ ಬಿಸಿಲಲ್ಲಿ, ಬಸ್ಸಲ್ಲಿ, ಕೂಗಿ ಕೂಗಿ ಟಿಕೆಟ್ ಕೊಡುವವಳಿಗೆ ಒಂದು ಲವಂಗ! ಈ ಘನಂದಾರಿ ಉಪಾಯ ಹೇಳಿಕೊಟ್ಟವರು ಯಾರು ಎಂದು ನರ್ಸಮ್ಮ ಗದರಿದಳು. ಸೊಸೆ ಚಾವಣಿ ನೋಡಿದಳು.

ಹೇಳಿಕೊಟ್ಟವಳು ಮಿಲ್ಲಮ್ಮ. ಮೊದಲ ದಿನ, ಗುಂಡಿ ಹೊಲಿಯುತ್ತಲೇ ಹೇಳಿಕೊಟ್ಟಿದ್ದಳು. ಮಿಲ್ಲಿನಲ್ಲಿ ಅವರೆಲ್ಲ ಹಾಗೇ ಮಾಡುತ್ತಿದ್ದದ್ದು. ಮೇಸ್ತ್ರಿಯ ಅಪ್ಪಣೆ ಇಲ್ಲದೆ ಮೆಷಿನ್ನು ಬಿಡುವಂತಿರಲಿಲ್ಲ, ಅಪ್ಪಣೆ ಕೇಳಿದರೆ ಅವನು ಹಲ್ಲು ಕಿರಿಯುತ್ತಿದ್ದ. ಅದಕ್ಕೆ ಹೊಸ ಹುಡುಗಿ ಬಂದ ಕೂಡಲೇ ಹಳಬರು ಕೈಗೊಂದು ಲವಂಗ ಇಟ್ಟು, ಹೆಣ್ಣು ಅಂದಮೇಲೆ ತಡ್ಕೋಬೇಕು ಕಣೇ ಎಂದು ಪಾಠ ಹೇಳುತ್ತಿದ್ದರು. ಮಿಲ್ಲಮ್ಮನಿಗೂ ಆಗ ಎಷ್ಟು ಸಲ ಇದೇ ಉರಿ ಬಂದಿತ್ತೋ ಲೆಕ್ಕವಿಲ್ಲ. ಅದಕ್ಕೆ ಒಂದು ಹೆಸರಿದೆ ಎಂದೇ ಅವಳಿಗೆ ಗೊತ್ತಿರಲಿಲ್ಲ. ತನ್ನ ಬೆನ್ನು ತನಗೆ ಕಾಣದು ಎನ್ನುವುದು ಸುಳ್ಳಲ್ಲ.

ಕಡೇ ಸ್ಟಾಪಿನಲ್ಲಿ ಶೌಚಾಲಯ ಇಲ್ಲವೇ ಎಂದು ನರ್ಸಮ್ಮ ಕೇಳಿದ್ದಕ್ಕೆ ಇದೆ ಎಂದಳು ಸೊಸೆ. ಬಸ್ಸು ಅಲ್ಲಿ ಎಂಟು ನಿಮಿಷ ನಿಲ್ಲುತ್ತದೆ. ಗಂಡಸರು ಗೋಡೆ ಹಿಂದೆ ಹೋಗುತ್ತಾರೆ. ಹೆಂಗಸರ ಶೌಚಾಲಯಕ್ಕೆ ಬೀಗ. ಬೀಗದ ಕೈ ಟೈಮ್ ಕೀಪರನ ಕಿಟಕಿಯ ಒಳಗೆ, ಮೊಳೆಗೆ ನೇತುಹಾಕಿದೆ. ಬೆಂಚಿನ ಮೇಲೆ ಕೂತ ಡ್ರೈವರುಗಳ ಮುಂದೆ ಹೋಗಿ ಕೇಳಬೇಕು. ಕೇಳಿದರೆ, ಬೆಳಿಗ್ಗೆ ಒಂದು ಸಲ ಹೋಗಿದ್ಯಲ್ಲಮ್ಮ ಎನ್ನುತ್ತಾನೆ, ಬೆಂಚಿನವರು ನಗುತ್ತಾರೆ. ಎರಡು ಸಲ ಕೇಳಿ ಸಾಕಾಗಿ ಬಿಟ್ಟಳು. ಮುಟ್ಟಿನ ದಿನಗಳಲ್ಲಿ ರಜೆಯನ್ನೇ ಹಾಕುತ್ತಿದ್ದಳು.

ನರ್ಸಮ್ಮ ದನಿ ತಗ್ಗಿಸಿ ಇನ್ನೊಂದು ಪ್ರಶ್ನೆ ಕೇಳಿದಳು. ಇಷ್ಟು ನೋವಿದ್ದಾಗ ಗಂಡ ಹತ್ತಿರ ಬಂದರೆ ಬೇಡ ಅನ್ನುತ್ತೀಯೋ ಇಲ್ಲವೋ?

ಸೊಸೆ ಗೋಡೆಯ ಕಡೆ ತಿರುಗಿ ಹೇಳಿದಳು. "ನೋವು ಅಂದ್ರೆ ಎಲ್ಲಿಂದ ತಂದೆ ಅಂತಾರೆ. ಬೇಡ ಅಂದ್ರೆ ಇನ್ಯಾರಿದ್ದಾರೆ ಅಂತಾರೆ. ಹೊರಗೆ ದುಡಿಯೋಕೆ ಹೋದಮೇಲೆ ಈ ಅನುಮಾನ ಶುರುವಾಯ್ತು. ಅದಕ್ಕೇ ಹಲ್ಲುಕಚ್ಚಿ ಸುಮ್ಮನಿರ್ತೀನಿ."

ಮಿಲ್ಲಮ್ಮನಿಗೆ ಕೂತ ಸ್ಟೂಲು ಚುಚ್ಚತೊಡಗಿತು. ಮಗನ ಮೇಲೆ ಸಿಟ್ಟು ಬಂತು, ಇಸ್ತ್ರಿಯವಳ ಮೇಲೆ ಬಂತು, ಎಲ್ಲಕ್ಕಿಂತ ಹೆಚ್ಚು ತನ್ನ ಮೇಲೆಯೇ ಬಂತು. ಸೊಸೆಯ ಕೈ ಹಿಡಿದು, ನಾನೂ ಹಾಗೇ ಅಂದ್ಕೊಂಡೆ ಕಣಮ್ಮ, ತಪ್ಪಾಯ್ತು ಎಂದಳು. ಅತ್ತೆ ಸೊಸೆಗೆ ತಪ್ಪಾಯ್ತು ಅನ್ನುವುದು ನಮ್ಮಲ್ಲಿ ದಿನಾ ನಡೆಯುವ ಸಂಗತಿಯಲ್ಲ. ನರ್ಸಮ್ಮ ಕೂಡ ಬರೆಯುವುದನ್ನು ನಿಲ್ಲಿಸಿದಳು.

ನರ್ಸಮ್ಮ ಆಮೇಲೆ ಎಲ್ಲ ಬಿಡಿಸಿ ಹೇಳಿದಳು. ಸೋಂಕು ಮೇಲೆ ಹತ್ತಿ ಕಿಡ್ನಿಯನ್ನೇ ಮುಟ್ಟಿದೆ, ಇನ್ನೂ ತಡ ಮಾಡಿದ್ದರೆ ಪ್ರಾಣಕ್ಕೇ ಸಂಚಕಾರ. ಡಾಕ್ಟರು ಬರೆದಷ್ಟು ದಿನವೂ ಮಾತ್ರೆ ತಗೋಬೇಕು, ಉರಿ ನಿಂತಿತು ಅಂತ ನಡುವೆ ಬಿಡಬಾರದು, ಪಕ್ಕದ ಮನೆಯವರ ಮಿಕ್ಕ ಮಾತ್ರೆ ನುಂಗಬಾರದು. ದಿನವಿಡೀ ಆಗಾಗ ನೀರು ಕುಡಿಯಬೇಕು, ಬಂದಾಗ ತಡೆಯಬಾರದು. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ. ಗಂಡ ಹೆಂಡತಿ ಕೂಡಿದ ಮೇಲೆ ಒಂದಕ್ಕೆ ಹೋಗಿ ಬರುವುದು ಒಳ್ಳೆಯದು. ಇವತ್ತು ಮನೆಗೆ ಕರೆದೊಯ್ಯಬಹುದು, ನಾಳೆ ಮತ್ತೆ ಸೂಜಿಗೆ ಬರಬೇಕು. ಮಿಲ್ಲಮ್ಮ ಎಲ್ಲವನ್ನೂ ಬೆರಳು ಮಡಿಸಿ ನೆನಪಿಟ್ಟುಕೊಂಡಳು.

ಸಂಜೆ ಮಗ ಲೇತ್‌ನಿಂದ ಬಂದವನೇ, ಇನ್ನೂ ಹೊರಡಲಿಲ್ಲವಾ ಎಂದ. ಮಿಲ್ಲಮ್ಮ ಅವನನ್ನು ಕೂರಿಸಿ, ಕೇಳಿದ್ದೆಲ್ಲ ಹೇಳಿದಳು. ಅವನು ಸುಲಭಕ್ಕೆ ಬಗ್ಗಲಿಲ್ಲ. ಬರೀ ನೀರು ಕುಡಿಯದ್ದಕ್ಕೆ ಇಷ್ಟೆಲ್ಲ ಆಗುವುದಾದರೆ ಡಿಪೋದ ಬೇರೆ ಹೆಂಗಸರಿಗೆ ಯಾಕೆ ಬಂದಿಲ್ಲ ಎಂದು ವಾದ ಹೂಡಿದ. ಮಂಚದಿಂದ ಸೊಸೆ ಹೇಳಿದಳು: ಕಂಡಕ್ಟರ್ ಹೆಂಗಸರು ಹನ್ನೊಂದು ಜನ, ಅವರಲ್ಲಿ ಏಳು ಮಂದಿಗೆ ಬಂದಿದೆ, ಯಾರೂ ಮನೆಯಲ್ಲಿ ಹೇಳಿಲ್ಲ. ಯಾಕೆ ಹೇಳಿಲ್ಲ ಎಂದು ಅವನು ಕೇಳಿದ. ಕೇಳಿದವನಿಗೇ ಉತ್ತರ ಹೊಳೆದಿರಬೇಕು, ತಲೆ ತಗ್ಗಿಸಿದ.

"ಇನ್ನೊಂದು ಮಾತಿದೆ," ಎಂದಳು ಮಿಲ್ಲಮ್ಮ. "ತಾಯಿ ಮಗನಿಗೆ ಹೇಳೋ ಮಾತಲ್ಲ. ಯಾರೂ ಹೇಳದೆ ಹೋಗಿದ್ದಕ್ಕೇ ಇಷ್ಟೆಲ್ಲ ಆಗಿದ್ದು, ಅದಕ್ಕೆ ಹೇಳ್ತೀನಿ. ಅವಳು ಬೇಡ ಅಂದ್ರೆ ಅದಕ್ಕೆ ಬೇಡ ಅಂತಷ್ಟೇ ಅರ್ಥ. ನಿಮ್ಮಪ್ಪನಿಗೆ ಇದನ್ನ ಹೇಳೋ ಧೈರ್ಯ ನನಗೆ ಬರಲಿಲ್ಲ."

ಮಗ ಬಹಳ ಹೊತ್ತು ಉಗುರಿನ ಸಂದಿಯ ಎಣ್ಣೆಮಸಿ ಕೆರೆಯುತ್ತಾ ಕೂತ. ಅಂಗಡಿಯಲ್ಲಿ ನನಗೆ ನಾಚಿಕೆಯಾಯಿತು ಎಂದು ಮೆಲ್ಲಗೆ ಒಪ್ಪಿಕೊಂಡ. ಎದ್ದುಹೋಗಿ ಸೊಸೆ ಕಟ್ಟಿದ್ದ ಬಟ್ಟೆ ಗಂಟು ಬಿಚ್ಚಿ, ಖಾಕಿ ಅಂಗಿಯನ್ನು ಗೂಟಕ್ಕೆ ನೇತುಹಾಕಿದ. ನಾಳೆ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ ಎಂದ.

ಇಷ್ಟಕ್ಕೇ ಮುಗಿಯಿತು ಅಂದುಕೊಂಡಿರಾ? ಸೊಸೆ ಚೇತರಿಸಿಕೊಂಡು ಮತ್ತೆ ಕೆಲಸಕ್ಕೆ ಹೊರಟರೆ ಅದೇ ಬಸ್ಸು, ಅದೇ ಬೀಗ. ಮಿಲ್ಲಮ್ಮ ಮಾರನೇ ವಾರ ಬಸ್ಸು ಹತ್ತಿ ಕಡೇ ಸ್ಟಾಪಿನಲ್ಲಿ ಇಳಿದಳು. ಬೆಂಚಿನವರನ್ನು ದಾಟಿ ನೇರ ಕಿಟಕಿಗೆ ಹೋಗಿ, ಮಿಲ್ಲಿನ ಸದ್ದಿನಲ್ಲಿ ಪಳಗಿದ ಗಂಟಲಿನಲ್ಲಿ, ಹೆಂಗಸರ ಶೌಚಾಲಯದ ಬೀಗದ ಕೈ ಕೊಡಪ್ಪ ಎಂದಳು. ಟೈಮ್ ಕೀಪರು ಅದು ಸಿಬ್ಬಂದಿಗೆ ಮಾತ್ರ ಎಂದ. ಹಾಗಾದರೆ ಸಿಬ್ಬಂದಿ ಕೇಳಿದಾಗ ಯಾಕೆ ಲೆಕ್ಕ ಇಡುತ್ತೀ ಎಂದು ಕೇಳಿದಳು. ತೆರೆದಿಟ್ಟರೆ ಗಲೀಜು ಮಾಡುತ್ತಾರಮ್ಮ ಎಂದ. ಗೋಡೆ ಹಿಂದಿನ ಗಲೀಜಿಗೆ ಯಾವ ಬೀಗ ಹಾಕಿದ್ದೀ ಎಂದಳು. ಬೆಂಚಿನವರು ಈ ಸಲ ನಗಲಿಲ್ಲ.

ಮಿಲ್ಲಮ್ಮ ಕಿಟಕಿಗೆ ಇನ್ನೂ ಹತ್ತಿರವಾದಳು. "ನಿಮ್ಮಮ್ಮ ಕೆಲಸಕ್ಕೆ ಹೋಗ್ತಿದ್ರಾ?"

ಹೋಗುತ್ತಿದ್ದರು, ಇಟ್ಟಿಗೆ ಹೊರುತ್ತಿದ್ದರು ಎಂದ ಅವನು.

"ದಿನವಿಡೀ ಅವರು ಒಂದಕ್ಕೆ ಎಲ್ಲಿ ಹೋಗ್ತಿದ್ರು? ಯಾವತ್ತಾದ್ರೂ ಕೇಳಿದ್ದೀಯಾ?"

ಅವನು ಕುರ್ಚಿಯಿಂದ ಎದ್ದ. ಮೊಳೆಯಿಂದ ಬೀಗದ ಕೈ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. ಆಮೇಲೆ ಹನ್ನೊಂದು ಹೆಂಗಸರೂ ಸಹಿ ಮಾಡಿ ಡಿಪೋ ಮ್ಯಾನೇಜರಿಗೆ ಅರ್ಜಿ ಕೊಟ್ಟರು. ಮೂರು ವಾರ ಅಲೆದಾಡಿಸಿದ ಮೇಲೆ ಮ್ಯಾನೇಜರು ಬೀಗ ತೆಗೆಸಿ ಬಾಗಿಲಿನ ಒಳಬದಿಗೆ ಚಿಲಕ ಹಾಕಿಸಿದರು. ನಲ್ಲಿ ಇನ್ನೂ ಸೋರುತ್ತಿದೆ, ಅದಕ್ಕೂ ಅರ್ಜಿ ಹೋಗಿದೆ.

ಕೇಳುತ್ತಿರುವ ಅಕ್ಕಂದಿರೇ, ತಂಗಿಯರೇ, ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿರುವ ಅಣ್ಣಂದಿರೇ, ಉರಿ ಬಂದರೆ ಮುಚ್ಚಿಡಬೇಡಿ. ಚಳಿಜ್ವರ, ಬೆನ್ನುನೋವು, ಮೂತ್ರದಲ್ಲಿ ರಕ್ತ ಕಂಡರೆ ಅವತ್ತೇ ಆಸ್ಪತ್ರೆಗೆ ಹೋಗಿ. ನಿಮ್ಮ ಮನೆಯ ಹೆಣ್ಣು ನೋವು ಅಂದರೆ ನಂಬಿ, ಬೇಡ ಅಂದರೆ ಬಿಡಿ. ಅವಳು ದುಡಿಯುವ ಕಡೆ ಶೌಚಾಲಯ ಇದೆಯೇ, ಬೇಕೆಂದಾಗ ಹೋಗಲು ಆಗುತ್ತದೆಯೇ, ವಿಚಾರಿಸಿ. ಇಲ್ಲದಿದ್ದರೆ ನಾಲ್ಕು ಜನ ಸೇರಿ ಕೇಳಿ, ಇದು ದಾನವಲ್ಲ.

ಕೊನೆಯದಾಗಿ ಒಂದು ಕೆಲಸ. ಇವತ್ತು ಮನೆಗೆ ಹೋಗಿ ನಿಮ್ಮ ತಾಯಿಯನ್ನು ಕೇಳಿ: ಅಮ್ಮಾ, ಕೆಲಸಕ್ಕೆ ಹೋದಾಗ ನೀನು ಹೇಗೆ ತಡ್ಕೊಂಡಿದ್ದೆ? ಅದೆಲ್ಲ ಯಾಕೀಗ ಅಂತ ಮೊದಲು ಗದರುತ್ತಾರೆ. ಎದ್ದು ಹೋಗಬೇಡಿ, ಕೂತಿರಿ. ಹೇಳುತ್ತಾರೆ.