ಕಮಲಮ್ಮ ಮಿಸ್ ಮನೆಯ ಕಾಫಿ ಮೆಷಿನ್ನು

ಕಮಲಮ್ಮ ಮಿಸ್ ಎರಡೂ ಕೈಯಿಂದ ಮೆಷಿನ್ನಿನ ಕರಿಯ ಹಿಡಿಯನ್ನು ಬಿಗಿಯಾಗಿ ಹಿಡಿದು ಬಲಕ್ಕೆ ತಿರುಗಿಸಲು ನೋಡಿದರು. ಅದು ಅಲ್ಲಾಡಲಿಲ್ಲ. ಇನ್ನೊಂದು ಸಲ ನೋಡಿದರು. ಮಣಿಕಟ್ಟಿನಲ್ಲಿ ಚಳುಕು ಹೊಡೆದಿರಬೇಕು, ತುಟಿ ಕಚ್ಚಿಕೊಂಡು ಕೈಬಿಟ್ಟರು.

"ಹೊಸದಲ್ವಾ ಮೇಡಂ, ಸ್ವಲ್ಪ ಬಿಗಿ ಇರುತ್ತೆ. ನಾಲ್ಕು ದಿನ ಹೋದ್ರೆ ಸಲೀಸಾಗುತ್ತೆ," ಎಂದ ಅಂಗಡಿಯವನು.

"ಅದು ಸಲೀಸಾಗೋ ಹೊತ್ತಿಗೆ ನನ್ನ ಕೈ ಬಿದ್ದುಹೋಗಿರುತ್ತಪ್ಪ."

ಜೊತೆಗೆ ಬಂದಿದ್ದ ರಮೇಶ್‌ಬಾಬು ನಡುವೆ ಬಾಯಿ ಹಾಕಿದ. "ಇದು ಬೇಡ ಬಿಡಿ ಮಿಸ್. ಪ್ರತಿ ಲೋಟಕ್ಕೂ ಪುಡಿ ತುಂಬಿ ತಿರುಗಿಸಬೇಕು, ಆಮೇಲೆ ಬಿಚ್ಚಿ ತೊಳೀಬೇಕು. ನೊರೆ ಚೆನ್ನಾಗಿ ಬರುತ್ತೆ ನಿಜ. ನೊರೆ ಕುಡಿಯಕ್ಕಾಗುತ್ತಾ?"

ಚಿಂತಾಮಣಿಯ ಆ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯಲ್ಲಿ ಮೇಜಿನ ಮೇಲೆ ಮೂರು ಮೆಷಿನ್ನುಗಳು ಸಾಲಾಗಿ ಕೂತಿದ್ದವು. ಮೊದಲನೆಯದಕ್ಕೆ ಗುಂಡಿಯಂಥ ಸಣ್ಣ ಸಣ್ಣ ಕ್ಯಾಪ್ಸೂಲುಗಳನ್ನು ಹಾಕಬೇಕು, ಅವನ್ನು ಅದೇ ಕಂಪನಿಯಿಂದಲೇ ತರಿಸಬೇಕು. ಆ ಮಾತು ಕೇಳಿದ ಕೂಡಲೇ ಮಿಸ್ ತಮ್ಮ ನೋಟ್‌ಬುಕ್ಕಿನಲ್ಲಿ ಅದರ ಹೆಸರಿನ ಮೇಲೆ ಗೀಟು ಎಳೆದಿದ್ದರು. ಎರಡನೆಯದು ಹಿಡಿಯದ್ದು, ಅದೂ ಹೋಯಿತು. ಮೂರನೆಯದು ತೀರಾ ಸಾದಾ: ಹಿಂದೆ ನೀರು ಹಾಕಬೇಕು, ಮೇಲಿನ ಜಾಲರಿಗೆ ಪುಡಿ ಹಾಕಬೇಕು, ಸ್ವಿಚ್ ಒತ್ತಬೇಕು. ಬಿಸಿನೀರು ಪುಡಿಯ ಮೇಲೆ ಹನಿದು ಕೆಳಗಿನ ಗಾಜಿನ ಜಗ್ಗಿಗೆ ಡಿಕಾಕ್ಷನ್ ಇಳಿಯುತ್ತದೆ.

"ಇದೇನು, ನಮ್ಮ ಫಿಲ್ಟರ್‌ಗೇ ಕರೆಂಟ್ ಕೊಟ್ಟ ಹಾಗಿದೆ," ಎಂದರು ಮಿಸ್. ಸ್ವಿಚ್ಚನ್ನು ಒಂದೇ ಬೆರಳಲ್ಲಿ ಒತ್ತಿ ನೋಡಿದರು. "ಇದು ಪಾಸು."

ಎಪ್ಪತ್ತೆರಡು ವರ್ಷದ ಕಮಲಮ್ಮ ಮಿಸ್ ಹೆಡ್‌ಮಿಸ್ಟ್ರೆಸ್ಸಾಗಿ ರಿಟೈರಾದವರು. ಮೊದಲ ಪೋಸ್ಟಿಂಗ್ ನಗರಗೆರೆಯಲ್ಲಿ, ಆಮೇಲಿನದ್ದೆಲ್ಲ ಚಿಂತಾಮಣಿಯಲ್ಲೇ. ರಮೇಶ್‌ಬಾಬುವಿಗೆ ಆರು ಮತ್ತು ಏಳನೆಯ ಕ್ಲಾಸಿನಲ್ಲಿ ಲೆಕ್ಕ ಹೇಳಿಕೊಟ್ಟಿದ್ದರು. ಈಗ ಅವನಿಗೂ ಐವತ್ತೆರಡು. ಹಳೇ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಪ್ಪ ಶುರುಮಾಡಿದ ವೆಂಕಟರವಣ ಕಾಫಿ ವರ್ಕ್ಸ್ ನಡೆಸುತ್ತಿದ್ದಾನೆ. ಮಿಸ್ ಮನೆಗೆ ಪುಡಿ ಹೋಗುವುದು ಅಪ್ಪನ ಕಾಲದಿಂದಲೂ ಅಲ್ಲಿಂದಲೇ.

ಹಿಂದಿರುಗುವಾಗ ಆಟೋದಲ್ಲಿ ಮೆಷಿನ್ನಿನ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಮಿಸ್ ಅಂದರು: "ಕೈನೋವು ಒಂದು ಕಡೆ ಇರಲಿ ಕಣೋ. ಆರು ತಿಂಗಳಿಂದ ನನ್ನ ಕಾಫಿ ಕೆಟ್ಟುಹೋಗಿದೆ. ಹಾಲಿನವನನ್ನ ಬದಲಾಯಿಸಿದೆ. ಕ್ಯಾನ್ ನೀರು ಹಾಕಿಸಿಕೊಂಡೆ. ಫಿಲ್ಟರನ್ನ ಹುಣಸೇಹಣ್ಣು ಹಾಕಿ ತಿಕ್ಕಿಸಿದೆ. ಊಹೂಂ. ಕೊನೆಗೆ ಮೆಷಿನ್ನೇ ತಗೊಂಡುಬಿಡಣ ಅನ್ನಿಸ್ತು."

"ಪುಡಿ?" ಎಂದ ರಮೇಶ್‌ಬಾಬು, ರಸ್ತೆ ನೋಡುತ್ತ.

"ಪುಡಿ ನಿಂದಲ್ವೇನೋ. ಅದನ್ನ ಯಾಕೆ ಅನುಮಾನ ಪಡಲಿ?"

ತನ್ನ ಅಂಗಡಿಗೆ ಬಂದವನೇ ರಮೇಶ್‌ಬಾಬು ಬೀಜದ ಡಬ್ಬದಿಂದ ಒಂದು ಹಿಡಿ ಹುರಿದ ಪೀಬೆರಿ ಕಾಫಿಬೀಜ ತೆಗೆದ. ನಾಲ್ಕು ಬೀಜ ಬೆರಳ ನಡುವೆ ನುರಿದು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ. ಅಪ್ಪ ಹಾಗೆಯೇ ಮಾಡುತ್ತಿದ್ದರು. ಏನೂ ಬರಲಿಲ್ಲ. ಬೆಚ್ಚಗಿನ ಗಾಳಿ ಮೂಗಿನೊಳಗೆ ಹೋಗಿ ಬಂದದ್ದಷ್ಟೇ.

ಕೊರೊನಾದ ಎರಡನೇ ಅಲೆಯ ವರ್ಷ ಜ್ವರ ಬಂದಾಗ ಹೋದ ವಾಸನೆ ತಿರುಗಿ ಬಂದಿರಲಿಲ್ಲ. ಮೂರು ತಿಂಗಳಲ್ಲಿ ಬರುತ್ತೆ ಎಂದರು ಡಾಕ್ಟರು, ಆಮೇಲೆ ಆರು ತಿಂಗಳು ಎಂದರು, ಆಮೇಲೆ ಅವನು ಕೇಳಲು ಹೋಗಲಿಲ್ಲ. ಸಿಹಿ, ಉಪ್ಪು, ಕಹಿ ನಾಲಿಗೆಗೆ ತಿಳಿಯುತ್ತಿದ್ದವು. ಉಳಿದದ್ದು ಯಾವುದೂ ಇಲ್ಲ. ಕಾಫಿ ಹುರಿಯುವವನ ಮೂಗು ಸತ್ತಿದೆ ಎಂದು ಊರಿಗೆ ಗೊತ್ತಾದರೆ ಯಾರು ಬಂದಾರು? ಹೆಂಡತಿ ಪದ್ಮಶ್ರೀಗೂ ಹೇಳಲಿಲ್ಲ. ಬೀಜದ ಬಣ್ಣ ನೋಡಿ, ಡ್ರಮ್ಮಿನೊಳಗೆ ಚಟಪಟ ಶುರುವಾಗುವುದನ್ನು ಕೇಳಿ, ಗಡಿಯಾರ ನೋಡಿ ಹುರಿಯುವುದನ್ನು ರೂಢಿಸಿಕೊಂಡ. ಗಿರಾಕಿಗಳ ಎದುರು ಮೂಸುವ ನಾಟಕ ಮಾತ್ರ ಬಿಡಲಿಲ್ಲ.

ಮಾರನೆಯ ದಿನ ನಾಲ್ಕು ಗಂಟೆಗೆ ಅವನು ಮೂರು ಪೊಟ್ಟಣ ಪುಡಿ ಹಿಡಿದು ಮಿಸ್ ಮನೆಗೆ ಹೋದ. ಅಡುಗೆಮನೆಯ ಕಟ್ಟೆಯ ಮೇಲೆ ಮೆಷಿನ್ನು ಆಗಲೇ ಕೂತಿತ್ತು, ನೆತ್ತಿಯ ಮೇಲೆ ಅರಿಶಿನ ಕುಂಕುಮದ ಬೊಟ್ಟು.

"ಫಿಲ್ಟರ್ ಪುಡಿಯಷ್ಟು ನಯ ಇದಕ್ಕೆ ಆಗಲ್ಲ ಮಿಸ್, ಸಣ್ಣ ರವೆ ಹಂಗಿರಬೇಕು. ಚಿಕೋರಿ ಹತ್ತಕ್ಕೆ ಒಂದು ಪಾಲು ಸಾಕು. ಜಾಸ್ತಿ ಆದ್ರೆ ಅಂಟಾಗಿ ಜಾಲರಿ ಕಟ್ಟಿಕೊಂಡು ನೀರು ಮೇಲೆ ನಿಲ್ಲುತ್ತೆ."

ಮೊದಲ ಸಲ ಡಿಕಾಕ್ಷನ್ ನೀರುನೀರಾಗಿ ಇಳಿಯಿತು. ಎರಡನೆಯ ಸಲ ಪುಡಿ ಒಂದು ಚಮಚ ಹೆಚ್ಚಿಸಿ ನೀರು ಅರ್ಧಕ್ಕೆ ಇಳಿಸಿದ. ಗಾಜಿನ ಜಗ್ಗಿನಲ್ಲಿ ಕಪ್ಪಗೆ, ಅಂಚಿನಲ್ಲಿ ತುಸು ಕೆಂಪಾಗಿ ಡಿಕಾಕ್ಷನ್ ನಿಂತಿತು. ಬಣ್ಣ ನೋಡಿ ಅವನಿಗೆ ಧೈರ್ಯ ಬಂತು. ಮಿಸ್ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು.

"ಗಟ್ಟಿ ಇದೆ. ಆದ್ರೆ ಇನ್ನೂ ಅದೇ."

"ಅದೇ ಅಂದ್ರೆ?"

"ಹೇಳಕ್ಕೆ ಬರಲ್ಲಪ್ಪ. ಏನೋ ಒಂದು ಹಿಂದೆ ಉಳಿಯುತ್ತೆ."

"ಹಾಲಿಂದಿರಬೇಕು ಮಿಸ್. ಬೆಳಗಿನ ಹಾಲಲ್ವಾ? ಹೊಸದಾಗಿ ಕಾಯಿಸಿ ನೋಡಣ."

ಮಿಸ್ ಹೊಸ ಪ್ಯಾಕೆಟ್ ಒಡೆದು ಹಾಲಿಟ್ಟರು. ಅಷ್ಟರಲ್ಲಿ ಸೊಪ್ಪಿನವಳು ಬೀದಿಯಿಂದ ಕೂಗಿದಳು. "ನೋಡ್ಕೊಂಡಿರು, ಬಂದೆ," ಎಂದು ಅವರು ಹೊರಗೆ ಹೋದರು. ಉಕ್ಕಬಾರದು ಎಂದು ರಮೇಶ್‌ಬಾಬು ಉರಿ ಸಣ್ಣ ಮಾಡಿ, ಸ್ಟವ್‌ಗೆ ಬೆನ್ನು ಹಾಕಿ ಮೇಜಿನ ಮುಂದೆ ಕೂತು ಮೆಷಿನ್ನಿನ ಪುಸ್ತಕ ತಿರುವಿದ. ಹೊರಗಿನಿಂದ ದಂಟಿನ ಸೊಪ್ಪಿನ ಚೌಕಾಸಿ ಕೇಳುತ್ತಿತ್ತು. ಸೊಪ್ಪಿನವಳ ತೆಲುಗಿಗೆ ಮಿಸ್ ಕನ್ನಡದಲ್ಲೇ ಜಗ್ಗುತ್ತಿದ್ದರು. ಬಹಳ ಹೊತ್ತೇ ಆಯಿತು.

ಸೊಪ್ಪಿನ ಕಟ್ಟು ಹಿಡಿದು ಬಂದ ಮಿಸ್ ಅಡುಗೆಮನೆಯ ಹೊಸ್ತಿಲಲ್ಲಿ ನಿಂತುಬಿಟ್ಟರು. ಸ್ಟವ್ ಕಡೆ ನೋಡಿದರು. ಆಮೇಲೆ ಅವನನ್ನು ನೋಡಿದರು.

"ಉಕ್ಕಿಲ್ಲ ಮಿಸ್, ಸಣ್ಣ ಉರೀಲೇ ಇಟ್ಟಿದೀನಿ," ಎಂದ ಅವನು.

ಅವರು ಸ್ಟವ್ ಆರಿಸಿ, ಆ ಹಾಲನ್ನೇ ಡಿಕಾಕ್ಷನ್ನಿಗೆ ಬೆರೆಸಿ, ಸಕ್ಕರೆ ಕಲಸಿ, ಒಂದೇ ಒಂದು ಲೋಟ ತಂದು ಅವನ ಮುಂದಿಟ್ಟರು. ಅವನು ಎರಡು ಗುಟುಕು ಕುಡಿದ. ತಲೆದೂಗಿದ.

"ನೋಡಿ, ಈಗ ಸರಿಹೋಯ್ತು. ಇದೇ ಮಿಸ್ ನಿಮ್ಮ ಹಳೇ ಕಾಫಿ."

ಕಮಲಮ್ಮ ಮಿಸ್ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು. "ರಮೇಶ, ಹಾಲು ತಳ ಹತ್ತಿ ಸೀದುಹೋಗಿದೆ. ಗೇಟಿಗೇ ವಾಸನೆ ಬರ್ತಿತ್ತು."

ಅವನು ಲೋಟದೊಳಗೆ ನೋಡಿದ. ಕೆನೆಯಲ್ಲಿ ಸಣ್ಣ ಸಣ್ಣ ಕಂದು ಚೂರುಗಳು ತೇಲುತ್ತಿದ್ದವು.

"ಎಷ್ಟು ದಿನದಿಂದಪ್ಪಾ?"

ಗದರಿಸಿದ್ದರೆ ಅವನು ಏನಾದರೂ ನೆಪ ಹೇಳುತ್ತಿದ್ದನೇನೋ. ಅವರು ಕೇಳಿದ ರೀತಿಗೆ ಅವನು ಲೋಟ ಕೆಳಗಿಟ್ಟ. "ಎವರಿಕೀ ತೆಲೀದು ಮಿಸ್," ಎಂದ, ಮನೆಯ ತೆಲುಗೇ ಬಾಯಿಗೆ ಬಂದು. "ಯಾರಿಗೂ ಗೊತ್ತಿಲ್ಲ. ಜ್ವರ ಬಂದಾಗಿಂದ. ನಾಲ್ಕು ವರ್ಷ ಆಯ್ತು."

ಹೇಳುತ್ತ ಹೋದಂತೆ ಎಲ್ಲ ಬಂತು. ಅಂಗಡಿ, ಡ್ರಮ್ಮಿನ ಸದ್ದು, ಗಡಿಯಾರ, ಕಣ್ಣು ಮುಚ್ಚಿ ಮೂಸುವ ನಾಟಕ. ಒಂದು ಕಡೆ ಅವನು ತಟ್ಟನೆ ನಿಂತ.

"ಆರು ತಿಂಗಳು ಅಂದ್ರಲ್ಲ ಮಿಸ್, ಕಾಫಿ ಕೆಟ್ಟು. ಅದು ಪುಡೀನಾ?"

ಅವರು ಎದ್ದು ಹಳೆಯ ಪುಡಿಯ ಡಬ್ಬ ತಂದು ಮುಚ್ಚಳ ತೆಗೆದರು, ಮೂಗನ್ನು ಪೂರ್ತಿ ಒಳಗಿಟ್ಟರು. ಅವನು ತಂದ ಹೊಸ ಪೊಟ್ಟಣಗಳನ್ನೂ ಒಂದೊಂದಾಗಿ ಮೂಸಿದರು.

"ಮುಗ್ಗಲು," ಎಂದರು. "ಮಳೇಲಿ ನೆಂದ ಗೋಣಿಚೀಲದ ವಾಸನೆ. ಮೇಲೆ ಕಾಫಿ, ಅಡೀಲಿ ಇದು. ಮೂರರಲ್ಲೂ ಇದೆ. ನೋಡು, ಇಷ್ಟು ದಿನ ನನ್ನ ಮೂಗಿಗೇ ವಯಸ್ಸಾಯ್ತು ಅಂದ್ಕೊಂಡಿದ್ದೆ."

ಬಸ್‌ಸ್ಟ್ಯಾಂಡಿನ ಹೋಟೆಲಿನವರು ಪುಡಿ ನಿಲ್ಲಿಸಿದ್ದು, ಅಂಬಾಜಿದುರ್ಗದ ಕಡೆಯಿಂದ ಶನಿವಾರ ಶನಿವಾರ ಬರುತ್ತಿದ್ದವರು ಬರದೇ ಹೋದದ್ದು ರಮೇಶ್‌ಬಾಬುವಿಗೆ ಒಟ್ಟಿಗೇ ನೆನಪಾಯಿತು. ಜನ ಪ್ಯಾಕೆಟ್ ಪುಡಿಗೆ ಬಿದ್ದಿದ್ದಾರೆ ಎಂದು ಅವನು ಎಲ್ಲರ ಹತ್ತಿರ ಬೈದುಕೊಂಡು ತಿರುಗಿದ್ದ. ಒಬ್ಬರಾದರೂ ಬಾಯಿಬಿಟ್ಟು ಹೇಳಿರಲಿಲ್ಲ.

"ಮೆಷಿನ್ನನ್ನ ವಾಪಸ್ ಕೊಡಿಸ್ತೀನಿ ಮಿಸ್. ತಪ್ಪು ನಂದು. ನಿಮಗೆ ಸುಮ್ಮನೆ—"

"ನನ್ನ ಮಣಿಕಟ್ಟು ಕೆಟ್ಟಿದ್ದೂ ನಿನ್ನಿಂದಲೇನೋ? ಅದು ಇಲ್ಲೇ ಇರಲಿ." ಮಿಸ್ ಅವನ ಮುಂದಿನ ಲೋಟ ತೆಗೆದು ಸಿಂಕಿಗೆ ಸುರಿದರು. "ನಾಳೆ ಹತ್ತು ಗಂಟೆಗೆ ಅಂಗಡಿಗೆ ಬರ್ತೀನಿ. ಅದಕ್ಕೆ ಮುಂಚೆ ಮನೇಲಿ ಹೇಳು. ಮೊದಲು ಹೆಂಡತಿಗೆ ಗೊತ್ತಾಗಲಿ, ಆಮೇಲೆ ಊರಿಗೆ."

ಆ ಸಂಜೆ ಊಟಕ್ಕೆ ಕೂತಾಗ ಅವನು ಹೇಳಿದ. ಪದ್ಮಶ್ರೀ ಸಾರಿನ ಸೌಟನ್ನು ಎತ್ತಿದವಳು ಹಾಗೇ ಹಿಡಿದುಕೊಂಡು ಪೂರ್ತಿ ಕೇಳಿದಳು.

"ಅಂದ್ರೆ, ನಾಲ್ಕು ವರ್ಷದಿಂದ ನಾನು ಏನು ಮಾಡಿ ಹಾಕಿದ್ರೂ ಚೆನ್ನಾಗಿದೆ ಅಂತಿದ್ರಲ್ಲ?"

ಅವನು ತಟ್ಟೆ ನೋಡಿದ.

"ನಾನು ನಮ್ಮಮ್ಮನ ಹತ್ರ ಹೇಳ್ಕೊಂಡಿದ್ದೆ ಕಣ್ರೀ, ಜ್ವರ ಬಂದು ಹೋದಮೇಲೆ ಮನುಷ್ಯ ಎಷ್ಟು ಒಳ್ಳೇವರಾಗಿದಾರೆ, ಒಂದು ದಿನಕ್ಕೂ ಸಾರಿಗೆ ಹೆಸರಿಡಲ್ಲ ಅಂತ." ನಗುವಂತೆ ಶುರುವಾದ ಮಾತು ಕೊನೆಗೆ ಬರುವಷ್ಟರಲ್ಲಿ ಒಡೆಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಅವನ ತಟ್ಟೆಗೆ ಸಾರು ಬಡಿಸಿದಳು. ಸೌಟು ಕೆಳಗಿಟ್ಟು ಅಂದಳು: "ಇವತ್ತು ಇಂಗು ಜಾಸ್ತಿ ಆಗಿದೆ. ತಿಳ್ಕೊಂಡಿರಿ."

ಮಾರನೆಯ ದಿನ ಹತ್ತಕ್ಕೆ ಸರಿಯಾಗಿ ಮಿಸ್ ಬಂದರು. ಪದ್ಮಶ್ರೀಯೂ ಬಂದಿದ್ದಳು. ಇಪ್ಪತ್ತು ವರ್ಷದಿಂದ ಬೀಜ ಹುರಿಯುವ ಡ್ರಮ್ಮು ನೋಡಿಕೊಳ್ಳುವ ನಲ್ಲಪ್ಪ ಹಿಂದಿನ ಕೋಣೆಯ ದೀಪ ಹಾಕಿದ. ಮಿಸ್ ಒಂದೊಂದೇ ಮೂಟೆಯ ಬಾಯಿ ಬಿಚ್ಚಿಸಿ, ಅಂಗೈಯಲ್ಲಿ ಹಸಿ ಬೀಜ ತೆಗೆದು ಮೂಸುತ್ತ ಹೋದರು. ಮುಂದಿನ ಸಾಲು ಸರಿಯಿತ್ತು. ಹಿಂದಿನ ಗೋಡೆಗೆ ಒರಗಿಸಿದ್ದ ನಾಲ್ಕು ಮೂಟೆಯ ಹತ್ತಿರ ಬಂದಾಗ ಅವರ ಮುಖ ಕಿವುಚಿಕೊಂಡಿತು. ಪದ್ಮಶ್ರೀ ಮೂಸಿ ಸೆರಗು ಮುಚ್ಚಿಕೊಂಡಳು. ಮೂಟೆ ಸರಿಸಿದರೆ ಗೋಡೆಯ ಗಾರೆ ಹಸಿಯಾಗಿ ಉದುರುತ್ತಿತ್ತು. ಪಕ್ಕದ ಮನೆಯ ಮೋರಿ ನೀರು ಎಲ್ಲೋ ಒಳಗೊಳಗೇ ಇಂಗುತ್ತಿತ್ತು.

"ನಿನಗೂ ಗೊತ್ತಾಗಲಿಲ್ವೇನಪ್ಪಾ ನಲ್ಲಪ್ಪ?" ಎಂದು ಕೇಳಿದರು ಮಿಸ್.

ನಲ್ಲಪ್ಪ ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡ. "ಅನುಮಾನ ಇತ್ತಮ್ಮಾ. ಸಾವ್ಕಾರ್ರು ಮೂಸಿ ನೋಡಿ ಸರಿಯಾಗಿದೆ ಅಂದ್ರು. ಅವರ ಮೂಗಿನ ಮುಂದೆ ನಂದೇನು ಅಂತ ಸುಮ್ಕಾದೆ."

ರಮೇಶ್‌ಬಾಬು ಅವನ ಹತ್ತಿರ ಹೋಗಿ ನಿಂತ. ಹೇಳಬೇಕಾದದ್ದನ್ನು ಎರಡೇ ಮಾತಿನಲ್ಲಿ ಹೇಳಿದ. ನಲ್ಲಪ್ಪ ಟವೆಲನ್ನು ಮತ್ತೆ ಹೆಗಲಿಗೇರಿಸಿ, "ಮೊದಲೇ ಹೇಳಬಾರದಾ ಸಾವ್ಕಾರ್ರೆ," ಎಂದಷ್ಟೇ ಅಂದ. ಆಮೇಲೆ ಇಬ್ಬರೂ ಸೇರಿ ನಾಲ್ಕು ಮೂಟೆಗಳನ್ನು ಹೊರಕ್ಕೆ ಎಳೆದರು. ಅವುಗಳೊಂದಿಗೆ ಎರಡು ದೊಡ್ಡ ಡಬ್ಬಗಳಲ್ಲಿ ಮಾಡಿಟ್ಟಿದ್ದ ಪುಡಿಯೂ ಹೋಯಿತು. ರಟ್ಟಿನ ಮೇಲೆ ರಮೇಶ್‌ಬಾಬು ತನ್ನ ಕೈಯಾರೆ ಬರೆದು ಅಂಗಡಿಯ ಮುಂದೆ ತೂಗುಹಾಕಿದ: "ನಮ್ಮ ಹಳೆಯ ಪುಡಿಯಲ್ಲಿ ದೋಷವಿತ್ತು. ಉಳಿದದ್ದನ್ನು ತಂದುಕೊಟ್ಟು ಹೊಸದು ತೆಗೆದುಕೊಂಡು ಹೋಗಿ." ಮಿಸ್ ಓದಿ, "ಕಾಗುಣಿತ ಸರಿಯಾಗಿದೆ," ಎಂದರು.

ಮಧ್ಯಾಹ್ನಕ್ಕೆ ಮುಂದಿನ ಸಾಲಿನ ಬೀಜ ಡ್ರಮ್ಮಿಗೆ ಬಿತ್ತು. ನಲ್ಲಪ್ಪ ಉರಿ ಹೊಂದಿಸಿದ. ಮಿಸ್‌ಗೂ ಪದ್ಮಶ್ರೀಗೂ ಪಕ್ಕದಲ್ಲಿ ಎರಡು ಸ್ಟೂಲು. ಡ್ರಮ್ಮು ತಿರುಗುತ್ತ ತಿರುಗುತ್ತ ಒಳಗೆ ಚಟಪಟ ಸದ್ದು ಎದ್ದಿತು, ರಮೇಶ್‌ಬಾಬುವಿನ ಕಣ್ಣು ಗಡಿಯಾರದ ಕಡೆ ಹೋಯಿತು. ಅವನು ನೋಟವನ್ನು ಅಲ್ಲಿಂದ ಕಿತ್ತು ಹೆಂಡತಿಯ ಮುಖದ ಮೇಲಿಟ್ಟ.

"ಹಸಿ ಕಾಳು ಹುರಿದ ಹಂಗಿದೆ ಇನ್ನೂ," ಎಂದಳು ಪದ್ಮಶ್ರೀ. ಸ್ವಲ್ಪ ಹೊತ್ತಿಗೆ, "ಈಗ ಬೆಲ್ಲ ಕಾಯಿಸಿದ ಹಂಗೆ."

"ಇರು, ಇರು," ಎಂದರು ಮಿಸ್, ಕಣ್ಣು ಮುಚ್ಚಿ.

ಪದ್ಮಶ್ರೀ ಮೂಗನ್ನು ಮುಂದೆ ಮಾಡಿ ಉಸಿರೆಳೆದುಕೊಂಡಳು. ಒಂದು ಕ್ಷಣ ಉಸಿರು ಹಿಡಿದು ಕೂತಳು. ಆಮೇಲೆ, "ಈಗ!" ಎಂದಳು.

ನಲ್ಲಪ್ಪ ಡ್ರಮ್ಮಿನ ಬಾಗಿಲು ಎಳೆದ. ಕಂದು ಬೀಜಗಳು ಸರಸರನೆ ತಟ್ಟೆಗೆ ಸುರಿದವು, ನೀಲಿ ಹೊಗೆ ಎದ್ದು ಅಂಗಡಿ ತುಂಬಿ ಬೀದಿಗೆ ಹರಿಯಿತು. ರಮೇಶ್‌ಬಾಬು ಹೊಗೆಯ ಹಿಂದೆಯೇ ಬಾಗಿಲಿಗೆ ಬಂದು ನಿಂತ. ಎದುರು ಬದಿಯಲ್ಲಿ ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಒಬ್ಬಾತ ಎರಡು ಹೆಜ್ಜೆ ಮುಂದೆ ಹೋದವನು ನಿಂತು, ಅಂಗಡಿಯ ಕಡೆ ಮುಖ ತಿರುಗಿಸಿ, ನಿಧಾನವಾಗಿ ಉಸಿರೆಳೆದುಕೊಂಡ.